ರಾನಣ್ಣನ ಕೆಂಪು ಕಡಾಯಿ

ಮೇಜಿನ ಮೇಲೆ ಕುದಿಯುವ ಕಡಾಯಿಯಲ್ಲಿ ಅದ್ದಿ ತಿನ್ನುವ ಹಾಟ್‌ಪಾಟ್ ಊಟದ ಮಾತು ಬಂದ ಕಡೆಯೆಲ್ಲ ತನ್ನ ಹೆಸರೂ ಬರಬೇಕು ಎಂಬುದು ರಾನಣ್ಣನ ಜೀವಮಾನದ ಆಸೆ. ಚೀನಾದ ಚೊಂಗ್‌ಚಿಂಗ್ ನಗರದ ಏರುರಸ್ತೆಗಳಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಈ ಮಹಾನುಭಾವ ಬ್ರೇಕಿಗಿಂತ ಹೆಚ್ಚಾಗಿ ನಂಬಿದ್ದು ಮೆಣಸಿನಕಾಯಿಯನ್ನು. ಖಾರ ತಿನ್ನಲಾರದವನನ್ನು ಅವನು ಮನುಷ್ಯರ ಲೆಕ್ಕಕ್ಕೆ ಸೇರಿಸಿದ್ದೇ ಇಲ್ಲ.

ಅಂಥವನು ಆ ಭಾನುವಾರ ಕನ್ನಡಿಯ ಮುಂದೆ ನಿಂತು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಯುದ್ಧಕ್ಕೆ ಹೊರಟ ಸೇನಾಪತಿಯ ದನಿಯಲ್ಲಿ ಘೋಷಿಸಿದ.

“ಬೀಗಿತ್ತಿ ಬರ್ತಿದಾಳೆ. ಬರ್ಲಿ. ಒಂದೇ ಒಂದು ಊಟ ಸಾಕು. ಕಡಾಯಿ ಕೆಳಗಿಳಿಯೋ ಹೊತ್ತಿಗೆ ‘ಮಕ್ಳು ಇಲ್ಲೇ ಇರ್ಲಿ’ ಅಂತ ಅವಳ ಬಾಯಿಂದಾನೇ ಬರುತ್ತೆ, ನೋಡ್ತಿರು.”

ಮಾತು ಗತ್ತಿನದಾದರೂ ಒಳಗೆ ಭಯವಿತ್ತು. ಒಬ್ಬಳೇ ಮಗಳು ಯಾಲಿನ್‌ಗೆ ದೂರದ ದಕ್ಷಿಣದ ಫೋಶಾನ್ ಕಡೆಯ ಹುಡುಗ ಹೋಯಿನ್ ಗೊತ್ತಾಗಿದ್ದ. ಇಬ್ಬರಿಗೂ ಕೆಲಸ ಇಲ್ಲೇ. ಆದರೆ ಹುಡುಗನ ತಾಯಿ ಮಾಕ್ ಅಮ್ಮ ಅಲ್ಲಿ ಗಿಡಮೂಲಿಕೆಯ ಕಷಾಯದ ಅಂಗಡಿ ಇಟ್ಟುಕೊಂಡ ಗಟ್ಟಿ ಹೆಂಗಸು. ಮದುವೆಯಾದ ಮೇಲೆ ಮಗ ಸೊಸೆ ತನ್ನೂರಿಗೇ ಬರಲಿ ಎಂಬುದು ಅವಳ ಇರಾದೆ. ಹೋಯಿನ್ ಅಮ್ಮ ಹಾಕಿದ ಗೆರೆ ದಾಟುವವನಲ್ಲ. ಮಗಳು ರೈಲು ಹತ್ತಿ ದೂರ ಹೋಗುವುದನ್ನು ನೆನೆದರೆ ರಾನಣ್ಣ ನಡುರಾತ್ರಿ ಎದ್ದು ಕೂರುತ್ತಿದ್ದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಆದರೆ ಮನೆಯವರಿಗೆಲ್ಲ ಗೊತ್ತಿತ್ತು.

“ಎರಡು ಭಾಗದ ಕಡಾಯಿ ತರ್ಸಿ,” ಎಂದಳು ಹೆಂಡತಿ ದೆಫಾಂಗ್. “ಒಂದು ಕಡೆ ಕೆಂಪು, ಒಂದು ಕಡೆ ತಿಳಿಸಾರು. ಅವರೂರಲ್ಲಿ ಮೆಣಸಿನಕಾಯಿನ ಬಣ್ಣ ನೋಡೋಕೆ ಇಟ್ಕೋತಾರಂತೆ.”

“ಸಂಬಂಧ ಬೆಳೆಸೋ ದಿನಾನೇ ಕಡಾಯಿ ಮಧ್ಯೆ ಗೋಡೆ ಹಾಕ್ಲಾ? ನನ್ನ ಹೆಣದ ಮೇಲೆ ತರ್ಸು.”

“ಗೋಡೆ ಇಲ್ಲದಿದ್ರೆ ಮೊದಲು ಬೀಳೋದು ನಿಮ್ಮ ಹೆಣಾನೇ. ಡಾಕ್ಟ್ರು ಏನಂದಿದ್ರು? ಒಂದು ಮೆಣಸಿನಬೀಜ ಕೂಡ…”

ರಾನಣ್ಣ ಓಡಿಹೋಗಿ ಕಿಟಕಿ ಮುಚ್ಚಿದ. ಚಳಿಗಾಲದಿಂದ ಅವನ ಹೊಟ್ಟೆ ಕೆಟ್ಟು ಕೂತಿತ್ತು. ಬೀದಿಯ ಖಾರದ ದೊರೆ ಮನೆಯೊಳಗೆ ಮೂರು ಹೊತ್ತೂ ಬಿಳಿ ಗಂಜಿ ಕುಡಿಯುತ್ತಿದ್ದ. ಹೊರಗೆ ಹೋಗುವ ಮುಂಚೆ ತುಟಿಗೆ ಸ್ವಲ್ಪ ಕೆಂಪೆಣ್ಣೆ ಸವರಿಕೊಂಡು ಹೋಗುತ್ತಿದ್ದ. ಮರ್ಯಾದೆ ಎಂದರೆ ಸುಮ್ಮನೆ ಬರುವುದಿಲ್ಲ.

“ನಿನಗ್ಯಾಕೆ ಚಿಂತೆ? ಎಲ್ಲಾ ವ್ಯವಸ್ಥೆ ಮಾಡಿದೀನಿ,” ಎಂದ.

ವ್ಯವಸ್ಥೆ ಹೀಗಿತ್ತು. ಬೀದಿಯ ಕೊನೆಯ ಮೆಟ್ಟಿಲ ಸಾಲಿನಲ್ಲಿದ್ದ ಹೋಟೆಲಿನ ಯಜಮಾನ ಡುಮ್ಮ ಶಿಯಾಂಗ್ ಅವನ ಹಳೇ ದೋಸ್ತ. ಆ ಹೋಟೆಲಿನಲ್ಲಿ ‘ಖಾರ ಕಮ್ಮಿ’ ಎಂದು ಬಾಯಿಬಿಟ್ಟು ಕೇಳಿದ ಸ್ಥಳೀಯ ಗಂಡಸು ಇದುವರೆಗೂ ಹುಟ್ಟಿರಲಿಲ್ಲ. ಕೇಳಿದರೆ ಸುತ್ತಲಿನ ಮೇಜುಗಳಲ್ಲಿ ಊಟ ನಿಂತು ಎಲ್ಲರ ಕತ್ತೂ ಇತ್ತ ತಿರುಗುತ್ತಿತ್ತು. ಅದಕ್ಕೇ ರಾನಣ್ಣ ಹಿಂದಿನ ದಿನವೇ ಹೋಗಿ ಡುಮ್ಮನ ಕಿವಿ ಕಚ್ಚಿದ್ದ.

“ನೋಡು, ನಾಳೆ ನಾನು ‘ಬೆಂಕಿ ಹಚ್ರೋ’ ಅಂತ ಗಟ್ಟಿಯಾಗಿ ಕೂಗ್ತೀನಿ. ಹಾಗಂದ್ರೆ ಖಾರ ಕಮ್ಮಿ ಅಂತ ಅರ್ಥ. ಬಣ್ಣ ಕೆಂಪಿರಬೇಕು, ಒಳಗೆ ಏನೂ ಇರಬಾರದು.”

“ಚುನಾವಣೆ ಭಾಷಣದ ಥರ,” ಎಂದು ಡುಮ್ಮ ತಲೆಯಾಡಿಸಿದ್ದ.

ಸಂಜೆ ಐವರೂ ಹೋಟೆಲಿಗೆ ಇಳಿದರು. ಮಾಕ್ ಅಮ್ಮ ಚಿಕ್ಕದಾದ, ಅಚ್ಚುಕಟ್ಟಾದ ಹೆಂಗಸು. ಕಂಕುಳಲ್ಲಿ ಒಂದು ದೊಡ್ಡ ಫ್ಲಾಸ್ಕು. ನಗು ಇತ್ತು, ಆದರೆ ಅಳೆದು ಕೊಟ್ಟ ಹಾಗಿತ್ತು. ಕೂತವಳೇ ಬಿಸಿ ಟೀ ಮತ್ತು ಒಂದು ಬೋಗುಣಿ ತರಿಸಿ, ತನ್ನೂರಿನ ಪದ್ಧತಿಯಂತೆ ಎಲ್ಲರ ಬಟ್ಟಲು, ಲೋಟ, ಊಟದ ಕಡ್ಡಿಗಳನ್ನು ಟೀಯಲ್ಲಿ ತೊಳೆಯತೊಡಗಿದಳು. ಪಕ್ಕದ ಮೇಜಿನಲ್ಲಿ ಬನಿಯನನ್ನು ಎದೆಯ ತನಕ ಸುತ್ತಿಕೊಂಡು ಬಿಯರು ಕುಡಿಯುತ್ತಿದ್ದ, ರಾನಣ್ಣನ ಬಸ್ಸಿನ ಹಳೇ ಕಂಡಕ್ಟರುಗಳು ಇದನ್ನು ಕಣ್ಣರಳಿಸಿ ನೋಡಿದರು.

ರಾನಣ್ಣನಿಗೆ ಇಷ್ಟು ಸಭೆ ಸಾಕೆನ್ನಿಸಿತು. ಎದ್ದು ನಿಂತು ಅಡುಗೆಮನೆಯ ಕಡೆ ತಿರುಗಿದ.

“ಬೆಂಕಿ ಹಚ್ರೋ! ನಮ್ಮ ಬೀಗಿತ್ತಿ ಬಂದಿದಾರೆ, ಬೆಂಕಿ ಹಚ್ಚಿ!”

ಕಂಡಕ್ಟರುಗಳು ಮೇಜು ಗುದ್ದಿದರು. ಯಾಲಿನ್ ಹಣೆಗೆ ಕೈ ಹಚ್ಚಿದಳು. ಮಾಕ್ ಅಮ್ಮ ತೊಳೆದಿಟ್ಟ ಲೋಟವನ್ನೇ ಮತ್ತೊಮ್ಮೆ ತೊಳೆದಳು. ರಾನಣ್ಣ ನಿಶ್ಚಿಂತೆಯಿಂದ ಕೂತು ಮೀಸೆ ಸವರಿಕೊಂಡ.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಡುಮ್ಮ ಶಿಯಾಂಗ್ ಆ ದಿನ ಅತ್ತೆಯ ಹುಟ್ಟುಹಬ್ಬದ ಊಟಕ್ಕೆ ಹೋಗಿದ್ದ. ಅಡುಗೆಮನೆಯಲ್ಲಿ ನಿಂತಿದ್ದವಳು ಅವನ ದೊಡ್ಡಕ್ಕ. ಆಕೆ ಹುಟ್ಟಿದಾಗಿನಿಂದ ಯಾವ ಮಾತನ್ನೂ ತಮಾಷೆಗೆ ತೆಗೆದುಕೊಂಡವಳಲ್ಲ. ಬೆಂಕಿ ಎಂದರೆ ಬೆಂಕಿ. ಅದರಲ್ಲೂ ಕೇಳಿದವನು ರಾನಣ್ಣ. ಒಣಮೆಣಸಿನಕಾಯಿಯ ಚೀಲವನ್ನೇ ಅವಳು ಬಗ್ಗಿಸಿದಳು. ಮೇಲೆ ನಾಲಿಗೆ ಜುಮ್ಮೆನಿಸಿ ಮರಗಟ್ಟಿಸುವ ಆ ಸೀಮೆಯ ಕಾಳುಮೆಣಸನ್ನು ಬೊಗಸೆಗಟ್ಟಲೆ ಸುರಿದಳು.

ಕಡಾಯಿ ಬಂತು. ಗಟ್ಟಿ ಕೊಬ್ಬಿನ ಕೆಂಪೆಣ್ಣೆ ಕೊತಕೊತ ಕುದಿಯುತ್ತಿತ್ತು. ಮೆಣಸಿನಕಾಯಿಗಳು ಒಂದನ್ನೊಂದು ನೂಕಾಡುತ್ತಿದ್ದವು. ಬರೀ ಹಬೆಗೇ ಹೋಯಿನ್‌ಗೆ ಕೆಮ್ಮು ಹತ್ತಿತು.

“ಬಣ್ಣ ಎಷ್ಟು ಚೆನ್ನಾಗಿ ಹಾಕಿದಾನೆ ಡುಮ್ಮ,” ಎಂದು ರಾನಣ್ಣ ಮನಸ್ಸಿನಲ್ಲೇ ಮೆಚ್ಚಿಕೊಂಡ. ದನದ ಜಠರದ ಬೋಟಿಯ ಒಂದು ಹಾಳೆಯನ್ನು ಕಡ್ಡಿಯಲ್ಲಿ ಹಿಡಿದು ಪಾಠ ಶುರುಮಾಡಿದ. “ಬೀಗಿತ್ತಿಯವ್ರೇ, ಬೋಟಿನ ಕಡಾಯಿಗೆ ಬಿಡಬಾರದು. ಏಳು ಸಲ ಮುಳುಗಿಸಿ, ಎಂಟನೇ ಸಲಕ್ಕೆ ಎತ್ತಬೇಕು. ಎಳ್ಳೆಣ್ಣೆ ಬೆಳ್ಳುಳ್ಳಿಗೆ ಒಂದು ಸಲ ಒತ್ತಿ, ಬಾಯಿಗೆ. ಹಿಂಗೆ.”

ಬಾಯಿಗೆ ಹಾಕಿದ. ಜಗಿದ. ಅಷ್ಟೇ.

ಮೊದಲು ನಾಲಿಗೆ ಹೋಯಿತು. ಆಮೇಲೆ ತುಟಿ ಯಾರದ್ದೋ ಅನ್ನಿಸಿತು. ಕಿವಿಯೊಳಗೆ ಬಸ್ಸಿನ ಹಾರನ್ನು ಹೊಡೆದುಕೊಳ್ಳತೊಡಗಿತು. ಗಂಟಲಿನಿಂದ ಹೊಟ್ಟೆಯ ತನಕ ಬೋಟಿ ಇಳಿದುಹೋದ ದಾರಿಯನ್ನು ಅವನು ಬೆರಳಿಟ್ಟು ತೋರಿಸಬಹುದಿತ್ತು. ಆದರೂ ಕಂಡಕ್ಟರುಗಳು ನೋಡುತ್ತಿದ್ದರು. ರಾನಣ್ಣ ನಕ್ಕ.

“ಹೆಂಗಿದೆ ರಾನಣ್ಣ, ಬೆಂಕಿ ಸಾಕಾ?” ಎಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕ.

ಅವಳ ಮುಖ ಕಂಡದ್ದೇ ರಾನಣ್ಣನಿಗೆ ಎಲ್ಲ ಅರ್ಥವಾಯಿತು. ಆದರೆ ಅರ್ಥವಾಗಿ ಏನು ಬಂತು? ‘ತಪ್ಪಾಯ್ತು, ಬದಲಾಯಿಸು’ ಅನ್ನಬೇಕಾದರೆ ಬಾಯಿ ಬೇಕು. ಬಾಯಿ ಇದ್ದರೂ ಮರ್ಯಾದೆ ಬಿಡಬೇಕು.

“ಸಪ್ಪೆ ಅನ್ನಿಸ್ತು,” ಎಂದ.

ದೊಡ್ಡಕ್ಕ ಒಳಗೆ ಹೋಗಿ ಇನ್ನೊಂದು ಬಟ್ಟಲು ಮೆಣಸಿನಕಾಯಿ ತಂದು ಸುರಿದಳು. ದೆಫಾಂಗ್ ಗಂಡನ ಕಾಲನ್ನು ಮೇಜಿನ ಕೆಳಗೆ ತುಳಿದಳು.

ಈಗ ಬೀಗಿತ್ತಿಯ ಸರದಿ. ಅವಳು ಬೋಟಿಯನ್ನು ಹೇಳಿಕೊಟ್ಟಂತೆಯೇ ಮುಳುಗಿಸಿ ಎತ್ತಿ, ಬಾಯಿಗಿಟ್ಟು, ಮಿಸುಕದೆ ನುಂಗಿದಳು. ಕಣ್ಣಂಚಿನಲ್ಲಿ ಒಂದು ಹನಿ ನಿಂತಿತು, ಬೀಳಲಿಲ್ಲ.

“ತುಂಬಾ ರುಚಿ, ಬೀಗರೇ. ನೀವು ತಗೊಳ್ಳಿ,” ಎನ್ನುತ್ತ ಒಂದು ಬಾತುಕೋಳಿಯ ಕರುಳು ಬೇಯಿಸಿ ಅವನ ಬಟ್ಟಲಿಗೆ ಹಾಕಿದಳು.

ಬೀಗರ ಉಪಚಾರ ಎಂದರೆ ಸಾಲವಿದ್ದ ಹಾಗೆ, ಕೂಡಲೇ ತೀರಿಸಬೇಕು. ರಾನಣ್ಣ ಅದನ್ನು ನುಂಗಿ, ಅವಳ ಬಟ್ಟಲಿಗೆ ತಾವರೆ ಗೆಡ್ಡೆ ಹಾಕಿದ. ಅವಳು ಅದನ್ನು ನುಂಗಿ, ಇವನಿಗೆ ಬೋಟಿ ಹಾಕಿದಳು. ಇವನು ಅವಳಿಗೆ ಅಣಬೆ. ಅವಳು ಇವನಿಗೆ ಎರಡು ಅಣಬೆ. ಅತಿಥಿ ಕಡ್ಡಿ ಕೆಳಗಿಡುವ ತನಕ ಮನೆಯವನು ಇಡುವಂತಿಲ್ಲ. ಮನೆಯವನು ಅಷ್ಟು ಹುರುಪಿನಿಂದ ತಿನ್ನುವಾಗ ಅತಿಥಿ ಇಟ್ಟರೆ ಅವಮಾನ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ಕೊಲ್ಲತೊಡಗಿದರು.

“ಅಪ್ಪ, ಸಾಕು,” ಎಂದಳು ಯಾಲಿನ್, ಹಲ್ಲು ಕಚ್ಚಿ.

“ಬೀಗಿತ್ತಿಯವರು ಇನ್ನೂ ತಿಂತಿದಾರಮ್ಮ,” ಎಂದ ರಾನಣ್ಣ. ಬೆವರು ಹುಬ್ಬು ದಾಟಿ ಕಣ್ಣಿಗಿಳಿದಿತ್ತು. ಬಿಕ್ಕಳಿಕೆ ಬೇರೆ ಶುರುವಾಗಿತ್ತು.

“ಅಮ್ಮ, ನೀನಾದ್ರೂ…” ಎಂದ ಹೋಯಿನ್.

“ಸುಮ್ನಿರೋ. ಬೀಗರು ಪ್ರೀತಿಯಿಂದ ಬಡಿಸ್ತಿದಾರೆ.” ಅವಳ ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

ಮತ್ತೊಂದು ಬೋಟಿ ರಾನಣ್ಣನ ಬಟ್ಟಲಿಗೆ ಬಿತ್ತು. ಅವನು ಅದನ್ನೇ ನೋಡಿದ. ಬೋಟಿಯೂ ಅವನನ್ನು ನೋಡಿತು. ಇದೊಂದು ಇಳಿದರೆ ನಾಳೆ ಬೀಗಿತ್ತಿ ತನ್ನ ತಿಥಿಗೆ ನಿಲ್ಲಬೇಕಾಗುತ್ತದೆ ಎಂದು ಖಾತ್ರಿಯಾಯಿತು. ಕಣ್ಣು ಅತ್ತಿತ್ತ ಆಡಿತು. ಮೊಣಕೈಯ ಪಕ್ಕದಲ್ಲೇ, ಬೀಗಿತ್ತಿ ಬಟ್ಟಲು ತೊಳೆದಿಟ್ಟ ಟೀ ತುಂಬಿದ ಬೋಗುಣಿಯಿತ್ತು. ಯಾರೂ ನೋಡುತ್ತಿಲ್ಲವೆಂದುಕೊಂಡು ರಾನಣ್ಣ ಬೋಟಿಯನ್ನು ಅದರೊಳಗೆ ಅದ್ದಿ, ಜಾಲಾಡಿ, ಎತ್ತಿದ. ಹಾಲು ಬಿಟ್ಟ ಕೂಸುಗಳಿಗೆ ಮಾತ್ರ ಆ ಊರಿನಲ್ಲಿ ಹಾಗೆ ತೊಳೆದು ಕೊಡುತ್ತಾರೆ.

“ರಾನಣ್ಣ,” ಎಂದಳು ದೊಡ್ಡಕ್ಕ, ಇಡೀ ಹೋಟೆಲಿಗೆ ಕೇಳುವಂತೆ. “ಅದು ಪಾತ್ರೆ ತೊಳೆದ ನೀರು.”

ಕಂಡಕ್ಟರುಗಳ ಬಿಯರು ಗಾಳಿಯಲ್ಲೇ ನಿಂತಿತು. ರಾನಣ್ಣನ ಬೋಟಿಯೂ ಗಾಳಿಯಲ್ಲೇ ನಿಂತಿತು, ಬೆಳ್ಳಗೆ, ಟೀ ತೊಟ್ಟಿಕ್ಕಿಸುತ್ತ. ಏನಾದರೂ ಹೇಳಿ ತಪ್ಪಿಸಿಕೊಳ್ಳೋಣವೆಂದು ಬಾಯಿ ತೆರೆದ. ಬಿಕ್ಕಳಿಕೆ ಬಂತು. ಆ ಹೊತ್ತಿಗೇ ಮೆಟ್ಟಿಲಿಳಿದು ಏದುಸಿರು ಬಿಡುತ್ತ ಡುಮ್ಮ ಶಿಯಾಂಗ್ ಒಳಗೆ ನುಗ್ಗಿದ.

“ರಾನಣ್ಣ, ಖಾರ ಕಮ್ಮಿ ಹಾಕಿದ್ಲಾ ಅಕ್ಕ? ನಿನ್ನ ಹೊಟ್ಟೆ ವಿಷಯ ಅವಳಿಗೆ ಹೇಳೋಕೇ ಮರ್ತೋಯ್ತು ನೋಡು.”

ಮನುಷ್ಯನಿಗೆ ಒಬ್ಬ ಶತ್ರುವಿದ್ದರೆ ಬದುಕಬಹುದು, ಇಂಥ ದೋಸ್ತನಿದ್ದರೆ ಕಷ್ಟ. ಪಕ್ಕದ ಮೇಜಿನಿಂದ ಎದ್ದ ನಗು ಬೀದಿಯ ತನಕ ಹೋಯಿತು. ದೆಫಾಂಗ್ ಕೂಡ, ಕಟ್ಟಿಕೊಂಡ ಹೆಂಡತಿ, ಸೆರಗಿಲ್ಲದ್ದಕ್ಕೆ ಕೈಯನ್ನೇ ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು. ರಾನಣ್ಣ ತಲೆ ತಗ್ಗಿಸಿದ. ಮಾನ ಹೋಗಿತ್ತು, ಅದು ಒಂದು ಲೆಕ್ಕ. ಮಗಳೂ ಹೋದಳಲ್ಲ ಎಂದುಕೊಂಡಾಗ ಮಾತ್ರ ಕಣ್ಣು ನಿಜವಾಗಿಯೂ ತುಂಬಿತು. ಅದನ್ನು ಖಾರದ ಲೆಕ್ಕಕ್ಕೆ ಹಾಕಬಹುದಿತ್ತು, ಆದ್ದರಿಂದ ಒರೆಸಿಕೊಳ್ಳಲಿಲ್ಲ.

ಆಗ ಮಾಕ್ ಅಮ್ಮ ನಿಧಾನವಾಗಿ ಕೈ ಚಾಚಿದಳು. ತನ್ನ ಬಟ್ಟಲಿನ ಅಣಬೆಯನ್ನು ಎತ್ತಿ ಅದೇ ಬೋಗುಣಿಗೆ ಅದ್ದಿ, ಚೆನ್ನಾಗಿ ಜಾಲಾಡಿ, ಬಾಯಿಗೆ ಹಾಕಿಕೊಂಡಳು.

“ಇದಕ್ಕೆ ಅವಕಾಶ ಇದೆ ಅಂತ ಮೊದಲೇ ಹೇಳಬಾರದಿತ್ತಾ, ಬೀಗರೇ?” ಎಂದಳು. ಅಷ್ಟು ಹೊತ್ತು ತಡೆಹಿಡಿದಿದ್ದ ಕಣ್ಣೀರು ಧಾರಾಕಾರ ಇಳಿಯಿತು. “ಒಂದು ತಿಂಗಳಿಂದ ದಿನಾ ಗಂಜಿಗೆ ಮೆಣಸಿನಪುಡಿ ಹಾಕ್ಕೊಂಡು ಅಭ್ಯಾಸ ಮಾಡಿದೀನಿ. ಅಂಗಡೀಲಿ ಅಳ್ತಾ ಕೂತಿರ್ತಿದ್ದೆ. ಬಂದ ಗಿರಾಕಿಗಳೆಲ್ಲ ‘ಯಾರು ಹೋದ್ರು’ ಅಂತ ಕೇಳೋರು.”

“ನೀವು ಯಾಕೆ ಇಷ್ಟೆಲ್ಲಾ…” ದೆಫಾಂಗ್ ಮಾತು ಮುಗಿಸಲಿಲ್ಲ.

“ಯಾಕೆ ಅಂದ್ರೆ? ಖಾರ ತಿನ್ನದೋರು ಮನುಷ್ಯರೇ ಅಲ್ಲ ಅಂತ ನಿಮ್ಮೆಜಮಾನ್ರು ಫೋನಲ್ಲಿ ಅಂದಿದ್ರಂತೆ. ನಮ್ಮ ಹೋಯಿನ್ ಹೊಟ್ಟೆ ಚಿಕ್ಕಂದಿನಿಂದ ನಾಜೂಕು. ಇಂಥ ಮಾವನ ಊರಲ್ಲಿ ಹೆಂಗಪ್ಪಾ ಬಿಟ್ಟೋಗೋದು? ಕರ್ಕೊಂಡು ಹೋಗೋದು ಅಂತ ನಿಶ್ಚಯ ಮಾಡ್ಕೊಂಡೇ ಬಂದಿದ್ದೆ.” ಅವಳು ಮೂಗು ಒರೆಸಿಕೊಂಡು, ರಾನಣ್ಣನ ಕಡ್ಡಿಯಲ್ಲಿ ಇನ್ನೂ ತೂಗುತ್ತಿದ್ದ ಬೋಟಿಯನ್ನು ನೋಡಿದಳು. “ಪಾತ್ರೆ ತೊಳೆದ ನೀರಲ್ಲಿ ಬೋಟಿ ಅದ್ದೋ ಮಾವ ಇರೋ ಊರಲ್ಲಿ ನನ್ನ ಮಗ ಬದುಕ್ಕೋತಾನೆ ಬಿಡಿ. ಇಲ್ಲೇ ಇರ್ಲಿ.”

ರಾನಣ್ಣ ಆ ಬೋಟಿಯನ್ನು ತಿಂದ. ಟೀಯ ಕಹಿ, ಪಾತ್ರೆಯ ಜಿಡ್ಡು, ಎಲ್ಲವೂ ಅದರಲ್ಲಿತ್ತು. ಅದಕ್ಕಿಂತ ರುಚಿಯಾದದ್ದನ್ನು ಅವನು ಜೀವಮಾನದಲ್ಲಿ ತಿಂದಿರಲಿಲ್ಲ. ಮಾಕ್ ಅಮ್ಮ ಎಲ್ಲರಿಗೂ ಖಾರ ತೊಳೆದು ತಿನ್ನಲು ಒಂದೊಂದು ಬಟ್ಟಲು ಬಿಸಿನೀರು ತರಿಸಿ, ಊಟವಾದ ಮೇಲೆ ಫ್ಲಾಸ್ಕು ಬಿಚ್ಚಿ, “ಉಷ್ಣ ಆಗಿರುತ್ತೆ, ಕುಡೀರಿ” ಎಂದು ಕಪ್ಪು ಕಷಾಯ ಬಗ್ಗಿಸಿದಳು. ಅದು ಎಷ್ಟು ಕಹಿಯೆಂದರೆ ರಾನಣ್ಣನಿಗೆ ಕ್ಷಣಕಾಲ ಖಾರವೇ ವಾಸಿ ಅನ್ನಿಸಿತು. ಆದರೂ ಎರಡನೇ ಲೋಟ ಕೇಳಿದ.

ಮದುವೆ ಆಯಿತು. ಮಕ್ಕಳು ಎರಡು ಬೀದಿ ಆಚೆ ಮನೆ ಮಾಡಿದರು. ರಾನಣ್ಣ ನಾಚಿಕೆಯಿಂದ ಕೆಲವು ತಿಂಗಳು ಆ ಮೆಟ್ಟಿಲ ಕಡೆ ತಲೆ ಹಾಕಲಿಲ್ಲ. ಕೊನೆಗೆ ದೆಫಾಂಗ್ ಎಳೆದುಕೊಂಡು ಹೋದಳು. ಹೋಟೆಲಿನಲ್ಲಿ ಹೊಸ ಹುಡುಗಿ ಬಡಿಸುತ್ತಿದ್ದಳು. ಪಕ್ಕದ ಮೇಜಿನಲ್ಲಿ ಉತ್ತರದ ಕಡೆಯ ಪ್ರವಾಸಿಗರು, ಮುಖವೆಲ್ಲ ಕೆಂಪು, ಕೈಯಿಂದ ಬಾಯಿಗೆ ಗಾಳಿ ಹಾಕಿಕೊಳ್ಳುತ್ತಿದ್ದರು. ಹುಡುಗಿ ಅವರನ್ನು ನೋಡಿ ಅಡುಗೆಮನೆಯ ಕಡೆ ಕೂಗಿದಳು.

“ನಾಲ್ಕನೇ ಮೇಜಿಗೆ ಎರಡು ರಾನಣ್ಣ, ಬಿಸಿ ಇರ್ಲಿ!”

ರಾನಣ್ಣ ಎದ್ದು ನಿಂತ. “ಏನಮ್ಮಾ, ಕರೆದ್ಯಾ?”

“ನಿಮ್ಮನ್ನಲ್ಲ ತಾತ,” ಎಂದಳು ಹುಡುಗಿ. ಒಳಗಿನಿಂದ ಬಂದ ಎರಡು ಬಟ್ಟಲು ಬಿಸಿನೀರನ್ನು ಪ್ರವಾಸಿಗರ ಮುಂದಿಟ್ಟಳು. “ಖಾರ ತೊಳ್ಕೊಳ್ಳೋ ನೀರು. ಇಲ್ಲಿ ಅದಕ್ಕೆ ಹಂಗೇ ಅಂತಾರೆ. ಈಗ ಈ ಬೀದಿ ಎಲ್ಲಾ ಹೋಟೆಲಲ್ಲೂ ಹಂಗೇ.”

ದೆಫಾಂಗ್ ಗಂಡನ ತೋಳು ಹಿಡಿದು ಕೂರಿಸಿದಳು. “ಹಾಟ್‌ಪಾಟ್ ಅಂದ ಕಡೆಯೆಲ್ಲ ನಿಮ್ಮ ಹೆಸರು ಬರಬೇಕು ಅಂತಿದ್ರಲ್ಲ,” ಎಂದಳು, ಮುಖ ಗಂಭೀರವಾಗಿಟ್ಟುಕೊಂಡು.

ರಾನಣ್ಣ ಮೀಸೆಗೆ ಕೈ ಹಾಕಿದವನು ಅರ್ಧದಲ್ಲೇ ಇಳಿಸಿದ. ಅಷ್ಟರಲ್ಲಿ ಡುಮ್ಮ ಶಿಯಾಂಗ್ ಒಳಗಿನಿಂದ ಇಣುಕಿ, ಹಳೇ ದೋಸ್ತನನ್ನು ಕಂಡು, ಮುಖವರಳಿಸಿ ಕೇಳಿದ.

“ನಿನಗೂ ಒಂದು ರಾನಣ್ಣ ಕಳಿಸ್ಲಾ, ರಾನಣ್ಣ?”