ವಿಮಾನದ ರೇಟು ಇಳಿಯಲಿ ಎಂದು ಕಾದವನು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಖರೀದಿ ಮಾಡಿದವನಿಗೆ ಎರಡು ವಿಮಾನದ ಟಿಕೆಟ್ ಖರೀದಿ ಮಾಡುವುದು ಯಾವ ದೊಡ್ಡ ಕೆಲಸ? ಹಾಗೆಂದು ನಾನು ತಿಳಿದುಕೊಂಡಿದ್ದೆ. ನನ್ನ ಹೆಂಡತಿ ಗಿರಿಜಾ ಹಾಗೆ ತಿಳಿದುಕೊಂಡಿರಲಿಲ್ಲ. ಆದರೆ ಖರೀದಿಯ ವಿಷಯದಲ್ಲಿ ಹೆಂಡತಿಯ ಮಾತು ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ!

ಸಂಗತಿ ಇಷ್ಟು. ನನ್ನ ಅಕ್ಕ ಪಾರವ್ವನ ಕಣ್ಣು ಹೋಗುತ್ತಿತ್ತು. ಸಂಕ್ರಾಂತಿ ಆದ ವಾರ ಹಾವೇರಿಯ ಕಣ್ಣಿನ ಡಾಕ್ಟರರಿಗೆ ತೋರಿಸಿದೆ. ಅವರು ದೀಪ ಬಿಟ್ಟು ನೋಡಿ, ಅಕ್ಕನನ್ನು ಹೊರಗೆ ಕೂರಿಸಿ, ನನಗೆ ಹೇಳಿದರು: "ಕಣ್ಣಿನ ಹಿಂದಿನ ನರ ಒಣಗಾಕತ್ತೈತ್ರಿ. ಹೋದ ದೃಷ್ಟಿ ತಿರುಗಿ ಬರಂಗಿಲ್ಲ. ಉಳಿದದ್ದನ್ನ ಔಷಧ ಹಾಕಿ ಒಂದಷ್ಟು ದಿನ ಕಾಯಬಹುದು. ಅವರಿಗೆ ಏನರ ತೋರಸೋದು ಇದ್ದರ ಲಗೂ ತೋರಸ್ರಿ."

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ಅಪ್ಪ ಇಬ್ಬರೂ ಹೋದಾಗ ನನಗೆ ಆರು ವರ್ಷ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡಿ ಅಕ್ಕ ನನ್ನನ್ನು ಸಾಕಿದಳು. ಮದುವೆಯ ಮಾತು ತಂದವರಿಗೆಲ್ಲ ನನ್ನನ್ನು ತೋರಿಸಿ, ಚಹಾ ಕೊಟ್ಟು, ವಾಪಸ್ ಕಳಿಸಿದಳು. ಅಂಥವಳು ಹಾವೇರಿಯಿಂದ ಬರುವ ಬಸ್ಸಿನಲ್ಲಿ, ಏನು ನೋಡಬೇಕೆಂದು ಕೇಳಿದರೆ, ಕಾಗಿನೆಲೆ ಅನ್ನಲಿಲ್ಲ, ಕಾಶಿ ಅನ್ನಲಿಲ್ಲ.

"ದ್ವೀಪ ನೋಡಬೇಕೋ," ಅಂದಳು. "ನೀ ಸಣ್ಣಂವ ಇದ್ದಾಗ ಜೋರಾಗಿ ಓದತಿದ್ದೆಲ್ಲೋ, ನಾಕೂ ಕಡಿ ನೀರು, ನಡುವ ನೆಲ ಅಂತ. ಅದು ಖರೇನೋ ಸುಳ್ಳೋ ಒಮ್ಮೆ ನೋಡಬೇಕು."

"ಇಷ್ಟ ಹೌದಲ್ಲ ಅಕ್ಕಾ? ಯುಗಾದಿಯೊಳಗ ತೋರಸ್ತೇನಿ," ಎಂದು ಮಾತು ಕೊಟ್ಟುಬಿಟ್ಟೆ. ಬಸ್ಸಿನಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು.

ಆಗಷ್ಟೇ ಅಗ್ಗದ ವಿಮಾನಗಳ ಜಾಹೀರಾತು ಪೇಪರಿನಲ್ಲಿ ಬರತೊಡಗಿದ್ದ ಕಾಲ. ಚೆನ್ನೈವರೆಗೆ ರೈಲು, ಅಲ್ಲಿಂದ ಅಂಡಮಾನಿಗೆ ವಿಮಾನ, ಅಲ್ಲಿಂದ ಹಡಗಿನಲ್ಲಿ ಇನ್ನೂ ಮುಂದಿನ ಒಂದು ಪುಟ್ಟ ದ್ವೀಪಕ್ಕೆ ಎಂದು ಯೋಜನೆ ಹಾಕಿದೆ. ಆ ಪುಟ್ಟ ದ್ವೀಪವೇ ಯಾಕೆ? ವಸತಿ ಪುಕ್ಕಟೆ! ಗುತ್ತಲದ ನನ್ನ ಪರಿಚಯದ ವ್ಯಾಪಾರಿಯ ಅಳಿಯ ಅಲ್ಲಿ ಶಾಲಾ ಮಾಸ್ತರ. ಫೋನ್ ಮಾಡಿದರೆ, "ಬರ್ರಿ, ಮನಿ ನಿಮ್ದ ಐತಿ. ಬರೂಮುಂದ ಎರಡು ಕಿಲೋ ಮೆಣಸಿನಕಾಯಿ ತರ್ರಿ ಸಾಕು," ಅಂದರು. ಇಂಥ ವ್ಯವಹಾರ ನಮ್ಮ ಪೇಟೆಯಲ್ಲೂ ಕುದುರುವುದಿಲ್ಲ.

ಟಿಕೆಟ್ಟಿಗಾಗಿ ರಾಣೇಬೆನ್ನೂರಿಗೆ ಹೋದೆ. ಅಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿದ್ದ ಮಂಜಣ್ಣ ಟಿಕೆಟ್ ತೆಗೆದುಕೊಡುತ್ತಿದ್ದ. ಕಂಪ್ಯೂಟರಿನಲ್ಲಿ ರೇಟು ತೋರಿಸಿದ. ರೇಟು ಚೆನ್ನಾಗಿಯೇ ಇತ್ತು. ಆದರೆ ಮೊದಲು ಹೇಳಿದ ರೇಟಿಗೆ ಹೂಂ ಅನ್ನುವವನು ಖರೀದಿದಾರನೇ? ನಮ್ಮ ಪೇಟೆಯಲ್ಲಿ ಟೆಂಡರ್ ಚೀಟಿಯಲ್ಲಿ ರೇಟು ಬರೆಯುವ ಮೊದಲು ನಾನು ಒಂದು ಕಾಯಿ ಮುರಿಯುತ್ತೇನೆ, ಮೂಸುತ್ತೇನೆ, ಸತ್ತ ಇಲಿ ಮೂಸಿದವನಂತೆ ಮುಖ ಮಾಡಿ ಕೆಳಗೆ ಒಗೆಯುತ್ತೇನೆ. ಮಾಲು ಕೆಟ್ಟದ್ದಿರಬೇಕೆಂದು ಉಳಿದವರು ಕಡಿಮೆ ರೇಟು ಬರೆಯುತ್ತಾರೆ. ಅದೇ ಮುಖವನ್ನು ಕಂಪ್ಯೂಟರಿಗೂ ಮಾಡಿದೆ. "ಬ್ಯಾಡ ತಗೀ!" ಎಂದು ಗಟ್ಟಿಯಾಗಿ ಹೇಳಿ, ಎದ್ದು ಹೋಗಿ, ನಿಧಾನವಾಗಿ ಚಹಾ ಕುಡಿದು ಬಂದೆ.

ರೇಟು ಏರಿತ್ತು! ಕಂಪ್ಯೂಟರಿಗೆ ನನ್ನ ಮುಖ ಕಾಣಿಸುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

"ಇವತ್ತ ಮಾಡಿಸಿಬಿಡ್ರಿ ಸಾಹುಕಾರ್ರ," ಅಂದ ಮಂಜಣ್ಣ. "ದಿನ ಹತ್ತರ ಬಂದಂಗ ಇದು ಏರಕೋತ ಹೋಗತೈತ್ರಿ."

"ಏ ಮಂಜಣ್ಣ, ಖಾಲಿ ಸೀಟ ಏನ್ ಕೋಲ್ಡ್ ಸ್ಟೋರೇಜಿನಾಗ ಇಡತಾರೇನು? ಹಾರೂಕಿಂತ ಮೊದಲ ಮಾರಾಕ ಬೇಕು. ಸಂಜಿಮುಂದ ಉಳಿದ ಮಾಲಿನ ಹಣೇಬರಹ ನನಗ ಹೇಳಿಕೊಡತಿಯೇನು? ತಾವ ಬಂದು ಕಾಲಿಗೆ ಬೀಳತಾರ, ನೋಡಾಕತ್ತಿರು."

ನನ್ನ ತರ್ಕ ಕೇಳಿ ಮಂಜಣ್ಣ ಮುಂದಿನ ಗಿರಾಕಿಯ ಕಡೆ ತಿರುಗಿದ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಅಲ್ಲಿಂದ ವಾರಕ್ಕೆರಡು ಸಲ ರಾಣೇಬೆನ್ನೂರಿಗೆ ಹೋಗಿ ಮುಖ ಸಿಂಡರಿಸಿ ಬರುವುದು ನನ್ನ ನಿತ್ಯಕರ್ಮವಾಯಿತು. ಬಂದ ಕೂಡಲೇ ಗಿರಿಜಾ ಬಾಗಿಲಲ್ಲೇ ತರುಬುತ್ತಿದ್ದಳು.

"ಟಿಕೀಟ್ ಆತೇನ್ರಿ?"

"ತಡಿ, ಇನ್ನೊಂದೀಟು ಇಳೀಲಿ."

"ಅಕ್ಕಾರ ಕಣ್ಣು ತಡಿಬೇಕಲ್ರಿ! ಅವು ನಿಮ್ಮ ರೇಟು ಕೇಳಿ ಹೋಗಾಕತ್ತಾವೇನು?"

ಯುಗಾದಿಗೆ ಎರಡು ದಿನ ಇದ್ದಾಗ ರೇಟು ಮೊದಲಿನದಕ್ಕಿಂತ ಎರಡು ಪಟ್ಟು ಆಗಿತ್ತು. ಯಾರೂ ಬಂದು ನನ್ನ ಕಾಲಿಗೆ ಬೀಳಲಿಲ್ಲ. ವಿಮಾನ ಕಂಪನಿಯವರಿಗೆ ವ್ಯಾಪಾರ ಗೊತ್ತಿಲ್ಲ ಎಂದು ತೀರ್ಮಾನಿಸಿ, ಪ್ರವಾಸವನ್ನು ಮೇ ತಿಂಗಳಿಗೆ ಮುಂದೂಡಿದೆ. ಹಬ್ಬದ ದಿನ ಅಕ್ಕನಿಗೆ ಬೇವು ಬೆಲ್ಲದ ಬಟ್ಟಲು ಚಾಚಿದರೆ, ಅವಳ ಕೈ ಬಟ್ಟಲಿನ ಪಕ್ಕದ ಗಾಳಿಯನ್ನು ಹಿಡಿಯಿತು. ಗಿರಿಜಾ ನನ್ನತ್ತ ನೋಡಿದಳು. ನಾನು ಕ್ಯಾಲೆಂಡರ್ ನೋಡಿದೆ.

ಮೇ ತಿಂಗಳಿಗೆ ಶಾಲೆ ರಜೆ. ಇಡೀ ದೇಶವೇ ಮಕ್ಕಳನ್ನು ಕಟ್ಟಿಕೊಂಡು ವಿಮಾನ ಹತ್ತಲು ನಿಂತಿತ್ತು. ರೇಟು ಮುಗಿಲು ಮುಟ್ಟಿತ್ತು. ನನ್ನ ಹತ್ತಿರ ದುಡ್ಡು ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಇತ್ತು. ಆದರೆ ಮಾಲನ್ನು ಮೂರು ಪಟ್ಟು ರೇಟಿಗೆ ಕೊಂಡ ಮೂರ್ಖ ಎಂದು ಪೇಟೆಯಲ್ಲಿ ಅನ್ನಿಸಿಕೊಳ್ಳಬೇಕಲ್ಲ! ನನ್ನ ಅಕ್ಕನ ಕಣ್ಣಿಗಿಂತ ಈ ಹೆಸರು ನನಗೆ ದೊಡ್ಡದಾಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಹಾಗೆ ಬರಿಗೈಯಲ್ಲಿ ಬಂದ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತಿದ್ದ ಅಕ್ಕ ಬಾಗಿಲ ಕಡೆ ಮುಖ ಮಾಡಿ, "ಯಾರಪಾ? ಯಾರು ಬೇಕಾಗಿತ್ತು?" ಅಂದಳು.

ತಮಾಷೆ ಮಾಡುತ್ತಿದ್ದಾಳೆ ಎಂದು ನಾನು ನಕ್ಕೆ. ನಗುವಿನ ದನಿ ಕೇಳಿ, "ಓ, ನೀನೇನೋ," ಅಂದಳು.

ಮರುದಿನ ಮೊದಲ ಬಸ್ಸಿಗೇ ರಾಣೇಬೆನ್ನೂರಿಗೆ ಓಡಿದೆ. ಮಂಜಣ್ಣ ತಿಂಗಳುಗಳನ್ನೆಲ್ಲ ತಡಕಾಡಿ, "ಜುಲೈದಾಗ ಭಾಳ ಸೋವಿ ಐತ್ರಿ. ಆದರ ಯಾಕ ಇಷ್ಟ ಸೋವಿ ಅಂತ..." ಎಂದು ತಲೆ ಕೆರೆದುಕೊಂಡ. ಮಾಲು ಅಗ್ಗ ಇದ್ದರೆ ಯಾಕೆಂದು ಕೇಳುವುದು ಖರೀದಿದಾರನ ಮೊದಲ ಪಾಠ. ನಾನು ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ವಿದ್ಯೆ ಕೊನೆಗೂ ಗೆದ್ದಿತು ಎಂದು ಎರಡು ಟಿಕೆಟ್ ತೆಗೆಸಿ, ಪೇಡೆ ಕಟ್ಟಿಸಿಕೊಂಡು ಮನೆಗೆ ಬಂದೆ.

"ಜುಲೈ ಅಂದ್ರ ಮಳಿಗಾಲ ಅಲ್ರಿ?" ಗಿರಿಜಾ ಪೇಡೆ ಮುಟ್ಟಲಿಲ್ಲ.

"ವಿಮಾನ ಮೋಡದ ಮ್ಯಾಲ ಹಾರತೈತಿ. ನಿನಗೇನು ತಿಳಿತೈತಿ!"

"ವಿಮಾನ ಮ್ಯಾಲ ಹಾರತೈತಿ ಖರೇ. ನೀವು ಕೆಳಗ ಇಳೀಬೇಕಲ್ರಿ!"

ಜುಲೈ ಬರುವಷ್ಟರಲ್ಲಿ ಅಕ್ಕನಿಗೆ ಉಳಿದದ್ದು ಬೆಳಕು ಮತ್ತು ಕತ್ತಲೆ, ಎರಡೇ. ಡಾಕ್ಟರರು ಮೊದಲೇ ಹೇಳಿದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ, ನನ್ನೊಬ್ಬನನ್ನು ಬಿಟ್ಟು. ಹೋಗುವುದು ಬೇಡ ಎಂದೆ. ಅಕ್ಕ ಒಪ್ಪಲಿಲ್ಲ. "ಟಿಕೀಟ್ ವಾಪಸ್ ತಗೊಳ್ಳಂಗಿಲ್ಲಂತಲ್ಲೋ, ಗಿರಿಜಾ ಹೇಳ್ಯಾಳ. ನಡಿ, ಹೋಗೂಣು," ಎಂದು ಸೀರೆ ಗಂಟು ಕಟ್ಟಿದಳು. ಜಿಪುಣತನ ನಮ್ಮ ಮನೆತನದಲ್ಲೇ ಇದೆ ಎಂದು ನನಗೆ ತುಸು ಸಮಾಧಾನವಾಯಿತು.

ವಿಮಾನದಲ್ಲಿ ಅವಳಿಗೆ ಕಿಟಕಿಯ ಸೀಟು ಕೊಟ್ಟೆ. ಗಾಜಿಗೆ ಹಣೆ ಹಚ್ಚಿ, "ಬೆಳಕು ಐತೋ," ಎಂದು ದಾರಿಯುದ್ದಕ್ಕೂ ಸಂತೋಷಪಟ್ಟಳು. ಕೆಳಗೆ ಇಳಿದರೆ ಮಳೆಯೋ ಮಳೆ. ಸಮುದ್ರ ಎದ್ದಿದೆ, ಹಡಗು ಬಿಡುವುದಿಲ್ಲ ಅಂದರು. ಟಿಕೆಟ್ ಯಾಕೆ ಸೋವಿ ಎಂಬ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು. ಮೂರು ದಿನ ಒಂದು ಲಾಡ್ಜಿನಲ್ಲಿ ಕೂತೆವು. ಅದರ ಕಿಟಕಿ ತೆಗೆದರೆ ಪಕ್ಕದ ಗೋಡೆ. ನಾಲ್ಕನೆಯ ದಿನ ಹಡಗು ಹೊರಟಿತು. ಅಕ್ಕ ದಾರಿಯುದ್ದಕ್ಕೂ ವಾಂತಿ ಮಾಡಿದಳು. ನಾನು ಅವಳ ಬೆನ್ನು ಸವರುತ್ತ, ನಡುನಡುವೆ ನಾನೂ ಮಾಡಿದೆ.

ದ್ವೀಪದಲ್ಲಿ ಮಾಸ್ತರರ ಮನೆಗೆ ಬೀಗ. ಶಾಲೆ ಶುರುವಾಗುವ ಹೊತ್ತಿಗೇ ಅವರಿಗೆ ವರ್ಗವಾಗಿತ್ತಂತೆ, ಅದಾಗಿ ತಿಂಗಳ ಮೇಲಾಗಿತ್ತು. ಸಂಕ್ರಾಂತಿಯ ಹೊತ್ತಿಗೆ ಒಮ್ಮೆ ಮಾತಾಡಿದ ನಾನು, ಎಸ್‌ಟಿಡಿ ಬಿಲ್ಲು ಉಳಿಯಲಿ ಎಂದು ಮತ್ತೆ ಫೋನೇ ಮಾಡಿರಲಿಲ್ಲ! ಒಂದು ಕೈಯಲ್ಲಿ ಮೆಣಸಿನಕಾಯಿ ಗಂಟು, ಇನ್ನೊಂದು ಕೈಯಲ್ಲಿ ಅಕ್ಕ, ತಲೆಯ ಮೇಲೆ ಮಳೆ. ಪ್ರವಾಸಿಗರಿಗೆ ಗುಡಿಸಲು ಬಾಡಿಗೆ ಕೊಡುವವನೊಬ್ಬ ಮಳೆಗಾಲವೆಂದು ಎಲ್ಲ ಮುಚ್ಚಿ ಕೂತಿದ್ದ. ನನ್ನ ಹರಕುಮುರುಕು ಹಿಂದಿ ಕೇಳಿ ಒಂದು ಗುಡಿಸಲಿನ ಬಾಗಿಲು ತೆಗೆದ. ಬಾಡಿಗೆ ಹೇಳಿದ. ಜೀವಮಾನದಲ್ಲಿ ಮೊದಲ ಸಲ ನಾನು ಮುಖ ಸಿಂಡರಿಸದೆ ಹೂಂ ಅಂದೆ.

ಬೆಳಗ್ಗೆ ಮಳೆ ಸ್ವಲ್ಪ ಕಡಿಮೆಯಾಗಿತ್ತು. ಅಕ್ಕನ ಕೈ ಹಿಡಿದು ದಂಡೆಗೆ ಕರೆದೊಯ್ದೆ. ಅವಳು ಸೀರೆ ಎತ್ತಿ ಹಿಡಿದು ನೀರಿನಲ್ಲಿ ನಿಂತಳು. ತೆರೆ ಬಂದು ಕಾಲಿಗೆ ಹೊಡೆದಾಗಲೆಲ್ಲ ಒಂದು ಹೆಜ್ಜೆ ಹಿಂದೆ, ಮತ್ತೆ ಒಂದು ಹೆಜ್ಜೆ ಮುಂದೆ. ಬಹಳ ಹೊತ್ತು ಹಾಗೆಯೇ ನಿಂತು, "ನೀ ನೋಡಿ ಹೇಳು. ಏನ್ ಕಾಣಸ್ತೈತಿ?" ಅಂದಳು.

ನಾನು ನೋಡಿದೆ. ನಾಲ್ಕು ತಿಂಗಳು ವಿಮಾನದ ರೇಟನ್ನು ನೋಡಿದಷ್ಟು ಶ್ರದ್ಧೆಯಿಂದ ನೋಡಿದೆ.

"ನೀರು ಐತಿ, ಅಕ್ಕಾ."

"ಎಷ್ಟು?"

"ಭಾಳ ಐತಿ."

"ಬಣ್ಣ ಹ್ಯಾಂಗೈತಿ?"

ಸಮುದ್ರವೂ ಆಕಾಶವೂ ಪಾತ್ರೆ ತೊಳೆದ ನೀರಿನಂತೆ ಬೂದಿ ಬಣ್ಣದಲ್ಲಿದ್ದವು. ಹಾಗೆ ಹೇಳಲು ಬಾಯಿ ಬರಲಿಲ್ಲ. ಸುಳ್ಳು ಹೇಳೋಣವೆಂದರೆ ಅದಕ್ಕೆ ಬೇಕಾದ ಮಾತೂ ಬರಲಿಲ್ಲ.

"ನೀರಿನ ಬಣ್ಣನ ಐತಿ, ಅಕ್ಕಾ."

ಅಕ್ಕ ಇನ್ನೇನಾದರೂ ಬರುತ್ತದೆಯೇ ಎಂದು ನನ್ನ ಕಡೆ ಕಿವಿ ಕೊಟ್ಟಳು. ಆಮೇಲೆ ನಕ್ಕಳು.

"ಇಷ್ಟ ಹೇಳಾಕ ಇಲ್ಲೀತನಕ ಕರ್ಕೊಂಡು ಬಂದೇನೋ? ಬ್ಯಾಡಗ್ಯಾಗ ಕುಂತು ಹೇಳಿದ್ದರ ಇನ್ನೂ ಸೋವಿ ಆಗತಿತ್ತಲ್ಲೋ!"

ನನಗೆ ಅಳು ತಡೆಯಲಾಗಲಿಲ್ಲ. ತೆರೆಗಳ ಸಪ್ಪಳ ಜೋರಾಗಿತ್ತು, ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಅಳುವುದು ಅವಳಿಗೆ ತಿಳಿಯುವುದಿಲ್ಲ ಎಂದು ಅಂದಾಜು ಮಾಡಿದೆ. ಆ ವರ್ಷ ನನ್ನ ಎಲ್ಲ ಅಂದಾಜುಗಳ ಹಾಗೆ ಅದೂ ತಪ್ಪಿತು.

"ಮೂಗು ಒರಸ್ಕೋ," ಅಂದಳು ಅಕ್ಕ, ಸಮುದ್ರದ ಕಡೆಗೇ ಮುಖ ಮಾಡಿಕೊಂಡು.