ಗವಿಸಿದ್ದೇಶನ ಇಲ್ಲದ ಡ್ರೈವ್

ಗವಿಸಿದ್ದೇಶನಿಗೆ ಬದುಕಿನಲ್ಲಿ ಇದ್ದ ಕೊರಗು ಒಂದೇ: ತನ್ನ ಬುದ್ಧಿವಂತಿಕೆಗೆ ಕೊಟ್ಟೂರು ಸಾಲದು. ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ರೈತರು ಸುಟ್ಟ ಮೋಟರು ಹೊತ್ತು ತಂದರೆ ಮುಚ್ಚಳ ಬಿಚ್ಚುವ ಮೊದಲೇ ರೋಗ ಹೇಳಿಬಿಡುತ್ತಿದ್ದ. (ಹೇಳಿದ್ದು ಸರಿ ಇರುತ್ತಿತ್ತೇ ಎಂದು ಕೇಳಬಾರದು. ಹೇಳುವ ಠೀವಿ ನೋಡಬೇಕು.) ಪಾತಾಳದಿಂದ ನೀರೆತ್ತುವ ಯಂತ್ರ ತಿಳಿದವನಿಗೆ ಲೋಕದ ಸಕಲ ಯಂತ್ರಗಳೂ ತಿಳಿದಂತೆಯೇ ಎಂಬುದು ಅವನ ಸಿದ್ಧಾಂತ. ಮನೆಯ ಮಿಕ್ಸಿ, ಫ್ಯಾನು, ಮಗಳ ಕಂಪ್ಯೂಟರು ಎಲ್ಲವೂ ಒಂದಲ್ಲ ಒಂದು ದಿನ ಈ ಸಿದ್ಧಾಂತದ ಪೆಟ್ಟು ತಿಂದವೇ.

ಮಗಳು ಗೀತಾಂಜಲಿಗೆ ಹಡಗಲಿ ಕಡೆಯ ಗಂಡು ಗೊತ್ತಾಗಿತ್ತು. ನಿಶ್ಚಿತಾರ್ಥಕ್ಕೆ ಮಂಟಪ ಹಿಡಿದಾಗಿತ್ತು, ಅಡಿಗೆಯವರಿಗೆ ಹೇಳಿಯಾಗಿತ್ತು. ಆದರೆ ಹುಡುಗಿಗೆ ಮೊದಲು ಉಡಿ ತುಂಬಬೇಕಾದ ಸೋದರತ್ತೆ, ಅಂದರೆ ಚಿಗಟೇರಿಯಲ್ಲಿರುವ ಗವಿಸಿದ್ದೇಶನ ಅಕ್ಕ ನಾಗಲಿಂಗಮ್ಮ, ಬರುವುದಿಲ್ಲ ಎಂದು ಕೂತಿದ್ದಳು. ಹೊಸ ಮನೆಯ ಗೃಹಪ್ರವೇಶದ ದಿನ ಹಾಲು ಉಕ್ಕಿಸಲು ಮನೆಮಗಳಾದ ತನ್ನನ್ನು ಕರೆಯಲೇ ಇಲ್ಲ ಎಂಬುದು ಅವಳ ಸಿಟ್ಟು. ಅಂದಿನಿಂದ ಅವಳು ತಮ್ಮನ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. ಸೋದರತ್ತೆ ಇಲ್ಲದ ನಿಶ್ಚಿತಾರ್ಥಕ್ಕೆ ಹಡಗಲಿಯವರು ಬಂದರೆ, ಊಟದ ಎಲೆಯ ಮುಂದೆ ಮೊದಲ ಪ್ರಶ್ನೆಯೇ ಅದಾಗುತ್ತದೆ.

"ನಾನು ಕರದೀನಿ," ಎಂದು ಹೆಂಡತಿ ಸುಕನ್ಯಾ ಇಷ್ಟು ವರ್ಷವೂ ಹೇಳುತ್ತಲೇ ಬಂದಿದ್ದಳು. "ಒಲಿ ಮುಂದ ನಿಂತು ಅಕ್ಕಾರ ಬರ್ರಿ ಅಂತ ಕೈ ಮಾಡಿ ಕರದೀನಿ. ವಿಡಿಯೋದವ ನನ್ನ ಎದುರಿಗೇ ನಿಂತಿದ್ದ. ಸಿ.ಡಿ. ಹಚ್ಚಿ ನೋಡ್ರಿ ಬೇಕಾದ್ರ."

ಹಚ್ಚಿ ನೋಡುವುದೇ ಕಷ್ಟವಾಗಿತ್ತು. ಕಂಪ್ಯೂಟರಿನ ಸಿ.ಡಿ. ಡ್ರೈವಿಗೆ, ಅಂದರೆ ಸಿ.ಡಿ. ಹಾಕುವ ಪೆಟ್ಟಿಗೆಗೆ, ವಯಸ್ಸಾಗಿತ್ತು. ಸೇಫ್ಟಿ ಪಿನ್ನಿನಿಂದ ತಿವಿಯದೆ ಅದು ಬಾಯಿ ತೆರೆಯುತ್ತಿರಲಿಲ್ಲ, ತೆರೆದು ಸಿ.ಡಿ. ನುಂಗಿದರೂ ಗರಗರ ಅನ್ನುತ್ತ ಏದುಸಿರು ಬಿಡುತ್ತಿತ್ತು. ಗೃಹಪ್ರವೇಶದ ಸಿ.ಡಿ. ಸರಿಯಾಗಿ ಪಾತ್ರೆ ಒಲೆಗೆ ಏರಿಸುವಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಹೀಗೆ ಹಾಲು ಉಕ್ಕದೆ, ಜಗಳ ಮಾತ್ರ ಉಕ್ಕುತ್ತಾ ವರ್ಷಗಳು ಕಳೆದವು.

ಆಗ ಗವಿಸಿದ್ದೇಶನಿಗೆ ಮೊಬೈಲಿನ ಒಂದು ವಿಡಿಯೋದಲ್ಲಿ ಜ್ಞಾನೋದಯವಾಯಿತು. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್. ಹಾಕಿಕೊಂಡರೆ ಕಂಪ್ಯೂಟರಿನ ಒಳಗೆ ಇನ್ನೊಂದು ಸಿ.ಡಿ. ಪೆಟ್ಟಿಗೆ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಆದರೆ ಇದೆ ಎಂದು ಕಂಪ್ಯೂಟರು ನಂಬುತ್ತದೆ. ಸಿ.ಡಿ.ಯನ್ನು ಒಂದು ಸಲ ಪೂರ್ತಿ ನಕಲು ಮಾಡಿಟ್ಟರೆ, ಆ ನಕಲನ್ನು ಈ ಪೆಟ್ಟಿಗೆಗೆ ಹಾಕಿ ಬೇಕಾದಾಗ ನೋಡಬಹುದು.

"ಅಂದ್ರ," ಎಂದಳು ರೊಟ್ಟಿ ಬಡಿಯುತ್ತಿದ್ದ ಸುಕನ್ಯಾ, "ಇಲ್ಲದ ಪೆಟ್ಟಿಗ್ಯಾಗ ಇಲ್ಲದ ಸಿ.ಡಿ. ಹಾಕ್ತೀರಿ."

"ಹೂಂ. ಈಗ ತಿಳಿತು ನೋಡು ನಿನಗ."

"ಹಂಗಾರ ಇಲ್ಲದ ಹಂಚಿನ ಮ್ಯಾಲೆ ಇಲ್ಲದ ರೊಟ್ಟಿ ಹಾಕಿರ್ತೀನಿ. ಮಧ್ಯಾಹ್ನ ಉಣ್ಣಾಕ ಬರ್ರಿ."

"ನಿನ್ನಂಥಾರಿಗೆ ಹೇಳ್ಕೊಂಡು ಕುಂತ್ರ ದೇಶ ಉದ್ಧಾರ ಆದಂಗ," ಎಂದು ಗವಿಸಿದ್ದೇಶ ಕಂಪ್ಯೂಟರಿನ ಮೇಲಿದ್ದ ಹಳೆಯ ಪರದೆ ಬಟ್ಟೆಯ ಮುಸುಕು ಸರಿಸಿದ.

ಭಾನುವಾರ ಬೆಳಿಗ್ಗೆ ಮಹಾಯಾಗ ಶುರುವಾಯಿತು. ಪುಕ್ಕಟೆ ಸಾಫ್ಟ್‌ವೇರ್ ಒಬ್ಬಂಟಿಯಾಗಿ ಬರಲಿಲ್ಲ, ಬೀಗರ ಮನೆಗೆ ಬಂದವರ ಹಾಗೆ ಹಿಂದೆ ಮುಂದೆ ನಾಲ್ಕು ಜನರನ್ನು ಕರೆದುಕೊಂಡೇ ಬಂತು. ಯಾರು ಏನು ಕೇಳಿದರೂ ಗವಿಸಿದ್ದೇಶ ಉದಾರವಾಗಿ 'ಎಸ್' ಒತ್ತಿದ. ಕೊನೆಗೆ ಪರದೆಯ ಮೇಲೆ ಹೊಸ ಪೆಟ್ಟಿಗೆಯ ಚಿತ್ರ ಮೂಡಿದಾಗ ಅವನ ಎದೆ ಉಬ್ಬಿತು.

ಮೊದಲ ಪ್ರಯೋಗಕ್ಕೆ, ಹಾಳಾದರೂ ಚಿಂತೆಯಿಲ್ಲದ ಒಂದು ಸಿ.ಡಿ. ಆರಿಸಿಕೊಂಡ: ತನ್ನ ಮದುವೆಯ ಕೊನೆಯ ಭಾಗ. (ಅದು ಹಾಳಾದರೆ ಅವನಿಗೆ ಒಳಗೊಳಗೇ ಸಂತೋಷ. ಅದರಲ್ಲಿ ಗೀರು ಬಿದ್ದಿದೆ ಎಂದು ಹೇಳಿ ಇಪ್ಪತ್ತೆರಡು ವರ್ಷದಿಂದ ಯಾರಿಗೂ ತೋರಿಸಿರಲಿಲ್ಲ. ಕಾರಣ ಮುಂದೆ ತಿಳಿಯುತ್ತದೆ.) ಹಳೆಯ ಪೆಟ್ಟಿಗೆ ಗರಗರ ಅಂದು ಹೇಗೋ ಪೂರ್ತಿ ಓದಿತು. ನಕಲನ್ನು ಇಲ್ಲದ ಪೆಟ್ಟಿಗೆಗೆ ಹಾಕಿ, ದನಿ ಬಂದ್ ಮಾಡಿ, ಒಂದು ಕ್ಷಣ ನೋಡಿ ತಟ್ಟನೆ ಮುಚ್ಚಿದ. ಕನ್ನಡಿಯಷ್ಟು ಸ್ವಚ್ಛವಾಗಿತ್ತು.

ಆಮೇಲೆ ತಡವೇ ಇಲ್ಲ. ಮದುವೆಯ ಉಳಿದ ಭಾಗಗಳು, ಮಗಳ ತೊಟ್ಟಿಲು, ಗೃಹಪ್ರವೇಶ, ಸುಕನ್ಯಾಳ ತಮ್ಮನ ಮದುವೆ, ಒಂದಾದ ಮೇಲೊಂದು. ಏನಾಶ್ಚರ್ಯವೋ, ಮೊದಲನೆಯದಕ್ಕೆ ಒಂದು ತಾಸು ಹಿಡಿದಿದ್ದರೆ ಉಳಿದವು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿದವು.

"ನೋಡ್ಲೇ, ನನ್ನ ಕೈ ಪಳಗಿದಂಗೆಲ್ಲ ಕಂಪ್ಯೂಟರ್ ಹೆಂಗ ಓಡ್ತೈತಿ," ಎಂದ. "ಇನ್ನೊಂದು ಮಾತು ನೋಡು. ಸಣ್ಣ ಸಿ.ಡಿ. ಇರ್ಲಿ, ದೊಡ್ಡ ಸಿ.ಡಿ. ಇರ್ಲಿ, ಎಲ್ಲಾ ನಕಲೂ ಒಂದಽ ತೂಕ, ಅಷ್ಟಽ ಎಂ.ಬಿ. ಒಂದು ಗುಂಜಿ ಹೆಚ್ಚಿಲ್ಲ, ಕಡಿಮಿ ಇಲ್ಲ. ಇಂಥಾ ನಿಯತ್ತು ನಮ್ಮ ಬಜಾರನಾಗ ಯಾವ ತಕ್ಕಡಿಗೈತಿ?"

"ಒಂದು ಸಲ ಹಚ್ಚಿ ನೋಡಬಾರದೇನ್ರೀ?"

"ಮೋಟರ್ ಕಟ್ಟಿ ಕೊಟ್ಟಮ್ಯಾಲೆ ನಾನು ಅವರ ಬಾವಿಗೆ ಹೋಗಿ ನೋಡ್ತೀನೇನು? ಅನುಮಾನ ಇದ್ದಾರು ನೋಡ್ತಾರ."

ಅನುಮಾನವಿಲ್ಲದ ಗವಿಸಿದ್ದೇಶ ಅಷ್ಟಕ್ಕೇ ನಿಲ್ಲಲಿಲ್ಲ. ಇನ್ನು ಈ ಹಳೆಯ ಸಿ.ಡಿ.ಗಳು ಮನೆಯಲ್ಲಿ ಯಾಕೆ ಎಂದು, ತನ್ನ ಹೊಲವನ್ನು ಪಾಲಿಗೆ ಮಾಡುವ ದುರುಗಣ್ಣನನ್ನು ಕರೆಸಿ ಅಷ್ಟನ್ನೂ ಚೀಲಕ್ಕೆ ತುಂಬಿ ಕೊಟ್ಟ. ಸೂರ್ಯಕಾಂತಿ ಹೊಲದಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟರೆ ಬಿಸಿಲಿಗೆ ಫಳಫಳ ಹೊಳೆದು ಗಿಳಿಗಳು ಹತ್ತಿರ ಸುಳಿಯುವುದಿಲ್ಲ. ಸುಕನ್ಯಾ ಬಾಗಿಲವರೆಗೂ ಬಂದು, "ಡಬ್ಬಿಯೊಳಗ ಇಟ್ಟಿರ್ತೀನಿ ಬಿಡ್ರಿ," ಅಂದಳು. "ಡಬ್ಬಿ ಕಾಲ ಮುಗೀತು," ಎಂದು ಅವನು ಕೈಬೀಸಿದ. ದುರುಗಣ್ಣ ಸೈಕಲ್ ಏರಿ ಹೋದ.

ಅಂದೇ ಅಕ್ಕನಿಗೆ ಫೋನು ಹೋಯಿತು. "ಅಕ್ಕಾ, ಸಾಕ್ಷಿ ಐತಿ. ಕಣ್ಣಾರೆ ತೋರಸ್ತೀನಿ. ಮುಂದಿನ ಭಾನುವಾರ ಮಾವನ್ನ ಕರ್ಕೊಂಡು ಬಾ."

"ಬರ್ತೀನಿ," ಎಂದಳು ನಾಗಲಿಂಗಮ್ಮ. "ನಿಮ್ಮ ಮನ್ಯಾಗ ಹನಿ ನೀರು ಸೈತ ಕುಡಿಯಾಂಗಿಲ್ಲ. ಕುಂತು ನೋಡ್ತೀನಿ, ಎದ್ದು ಹೋಗ್ತೀನಿ. ಕರದದ್ದು ಕಂಡ್ರ ನಿಶ್ಚಯಕ್ಕ ಬರ್ತೀನಿ. ಕಾಣಲಿಲ್ಲ ಅಂದ್ರ ನನ್ನ ಹೆಸರು ಎತ್ತಬ್ಯಾಡ್ರಿ."

ಭಾನುವಾರ ಬಂದಳು. ಕೈಯಲ್ಲಿ ನೀರಿನ ಬಾಟಲಿ ತಂದಿದ್ದಳು. ಗಂಡ ಪಂಚಾಕ್ಷರಪ್ಪ ಮಾತು ಕಡಿಮೆಯ ಮನುಷ್ಯ, ಬಂದವನೇ ಗೋಡೆಗೆ ಒರಗಿ ಕೂತ. ಸುಕನ್ಯಾ ಬೆಳಿಗ್ಗೆಯಿಂದಲೇ ಹೋಳಿಗೆ ಮಾಡಿದ್ದಳು, ಆದರೆ ಉಣ್ಣುತ್ತೀರಾ ಎಂದು ಕೇಳುವ ಧೈರ್ಯ ಇರಲಿಲ್ಲ. ಅವಳು ಅಡಿಗೆಮನೆಯ ಬಾಗಿಲಲ್ಲೇ ನಿಂತಳು. ಇಷ್ಟು ವರ್ಷದ ಅಪವಾದ ಇವತ್ತು ತೊಳೆದುಹೋಗುತ್ತದೆ ಎಂಬ ಆಸೆ ಅವಳಿಗೆ.

ಗವಿಸಿದ್ದೇಶ ಭಾಷಣ ಮಾಡಿದ. ಗೀರು ಬೀಳದ ಸಿ.ಡಿ., ಧೂಳು ಕಾಣದ ಪೆಟ್ಟಿಗೆ, ನಿಲ್ಲದ ಚಿತ್ರ, ತಡವರಿಸದ ದನಿ ಎಂದೆಲ್ಲ ಹೊಗಳಿ, 'ಗೃಹಪ್ರವೇಶ' ಎಂದು ಹೆಸರಿಟ್ಟಿದ್ದ ನಕಲನ್ನು ಇಲ್ಲದ ಪೆಟ್ಟಿಗೆಗೆ ಹಾಕಿದ.

ಶಹನಾಯಿ ಕೇಳಿಸಿತು. ಪರದೆಯ ಮೇಲೆ ಒಂದು ಟೆಂಪೋ. ಟೆಂಪೋದ ಮೆಟ್ಟಿಲ ಮೇಲೆ ಇಪ್ಪತ್ತೆರಡು ವರ್ಷ ಚಿಕ್ಕವಳಾದ ನಾಗಲಿಂಗಮ್ಮ. ಕೆಳಗೆ ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಾಸಿಂಗ ಓರೆಯಾಗಿ, ಮೂಗು ಕೆಂಪಾಗಿ ಗೋಳೋ ಎಂದು ಅಳುತ್ತಿದ್ದ ಮದುಮಗ.

"ಅಕ್ಕಾ, ಹೋಗಬ್ಯಾಡಕ್ಕಾ. ನಾನೂ ಬರ್ತೀನಿ. ನನ್ನೂ ಚಿಗಟೇರಿಗೆ ಕರ್ಕೊಂಡು ಹೋಗು."

ಪಕ್ಕದಲ್ಲಿ ಹೊಸ ಮದುಮಗಳು ಸುಕನ್ಯಾ, ಒಂದು ಹನಿ ಕಣ್ಣೀರಿಲ್ಲದೆ, ಗಂಡನಿಗೆ ಕರವಸ್ತ್ರ ಹಿಡಿದು ನಿಂತಿದ್ದಳು. ಸ್ಟುಡಿಯೋದವನು ಅಳುವ ಮದುಮಗನ ಮುಖದ ಸುತ್ತ ಹೃದಯದ ಆಕಾರದ ಚೌಕಟ್ಟು ಹಾಕಿ, ಮೇಲಿಂದ ಗುಲಾಬಿ ಪಕಳೆ ಉದುರಿಸಿದ್ದ.

"ತಪ್ಪಿ ಬಂತು," ಎಂದು ಗವಿಸಿದ್ದೇಶ ಅದನ್ನು ತೆಗೆದು, 'ತೊಟ್ಟಿಲು' ಹಾಕಿದ. ಟೆಂಪೋ, ಸೆರಗು, ಗೋಳೋ. 'ಮದುವೆ, ಅಕ್ಷತೆ' ಹಾಕಿದ. ಟೆಂಪೋ, ಸೆರಗು, ಗೋಳೋ. ಸುಕನ್ಯಾಳ ತಮ್ಮನ ಮದುವೆ ಹಾಕಿದ. ಅವನ ಮದುವೆಯಲ್ಲೂ ಅಳುತ್ತಿದ್ದವನು ಗವಿಸಿದ್ದೇಶನೇ. ಅವನೇ ಹೊಗಳಿದಂತೆ ಚಿತ್ರ ಎಲ್ಲೂ ನಿಲ್ಲಲಿಲ್ಲ, ದನಿ ಎಲ್ಲೂ ತಡವರಿಸಲಿಲ್ಲ. ಪ್ರತಿಯೊಂದು ಬಿಕ್ಕೂ ಸ್ಪಷ್ಟವಾಗಿ ಕೇಳಿಸಿತು.

ಗೀತಾಂಜಲಿ ಎದ್ದು ಬಂದು ನೋಡಿದಳು. "ಅಪ್ಪಾ, ಇಲ್ಲಿ ಎರಡು ಪೆಟ್ಟಿಗಿ ಅದಾವು. ನಕಲು ಯಾವುದರಿಂದ ಮಾಡ್ಲಿ ಅಂತ ಕೇಳೇತಿ. ನೀನು ಸಿ.ಡಿ. ಇಟ್ಟಿದ್ದು ನಿಜವಾದ ಪೆಟ್ಟಿಗ್ಯಾಗ, ತೋರಿಸಿದ್ದು ಇಲ್ಲದ ಪೆಟ್ಟಿಗಿ. ಅದರಾಗ ಮೊದಲನೇದು ಕುಂತಽ ಇತ್ತು. ಎಲ್ಲಾ ಅದರದಽ ನಕಲು. ಅದಕ್ಕಽ ತೂಕ ಒಂದಽ ಇರೋದು."

ಗವಿಸಿದ್ದೇಶ ಅಂಗಳಕ್ಕೆ ಹೋಗಿ ದುರುಗಣ್ಣನಿಗೆ ಪಿಸುದನಿಯಲ್ಲಿ ಫೋನು ಮಾಡಿದ.

"ಸಿ.ಡಿ.ನಾ? ಭಾಳ ಚಲೋ ಕೆಲಸ ಮಾಡ್ಯಾವಣ್ಣ," ಎಂದು ಆ ಕಡೆಯಿಂದ ಉತ್ಸಾಹದ ಉತ್ತರ. "ಒಂದು ಗಿಳಿ ಬಂದಿಲ್ಲ. ಗಾಳಿಗೆ ಕಲ್ಲುಕಂಬಕ್ಕೆ ತಿಕ್ಕಿ ಹೊಳಪೆಲ್ಲ ಕಿತ್ತು ಬಂದೈತಿ. ಇನ್ನೊಂದಿಷ್ಟು ಇದ್ರ ಕಳಸು."

ಅವನು ತಲೆ ತಗ್ಗಿಸಿ ಒಳಗೆ ಬಂದ. ಬಾಗಿಲಲ್ಲಿ ಸುಕನ್ಯಾಳ ಮುಖ ಬಾಡಿತ್ತು. ಅವಳ ಸಾಕ್ಷಿ ಗಿಳಿ ಕಾಯಲು ಹೋಗಿತ್ತು. ನಾಗಲಿಂಗಮ್ಮ ಪರದೆಯಿಂದ ಕಣ್ಣು ಕೀಳದೆ ಕೂತಿದ್ದಳು. ಗೀತಾಂಜಲಿ ಕಂಪ್ಯೂಟರ್ ಬಂದ್ ಮಾಡಲು ಹೋದಳು.

"ಇರ್ಲಿ," ಎಂದಳು ನಾಗಲಿಂಗಮ್ಮ. "ಇನ್ನೊಂದು ಸಲ ಹಚ್ಚು."

ಇನ್ನೊಂದು ಸಲ ನೋಡಿದಳು. ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು. "ಲೇ ಗವಿ, ಅವತ್ತು ಎಲ್ಲಾರು ನಗ್ತಾರ ಅಂತ ನಿನ್ನ ಕೈಯಾಗಿಂದ ಸೆರಗು ಜಗ್ಗಿಕೊಂಡು ಟೆಂಪೋ ಹತ್ತೀನಿ. ಹಿಂದ ಹೊಳ್ಳಿ ಸೈತ ನೋಡಲಿಲ್ಲ. ನೀನು ಇಷ್ಟು ಅತ್ತೀ ಅಂತ ನನಗ ಇವತ್ತಽ ಗೊತ್ತಾತು."

"ಕಣ್ಣಾಗ ಅಕ್ಕಿಕಾಳು ಬಿದ್ದಿತ್ತು," ಎಂದ ಗವಿಸಿದ್ದೇಶ. ಯಾರೂ ನಂಬಲಿಲ್ಲ, ಅವನ ಮುಖ ನೋಡಿದರೆ ಅವನೇ ನಂಬಿದಂತಿರಲಿಲ್ಲ.

"ಸುಕನ್ಯಾ," ಎಂದು ಕರೆದಳು ನಾಗಲಿಂಗಮ್ಮ. "ಹಾಲಿನ ಮಾತಿಗೆ ಸಾಕ್ಷಿ ಯಾಕಬೇಕವ್ವ. ನೀನು ಕರದಿದ್ದಿ, ನಾನು ಕೇಳಿಸಿಕೊಂಡೀನಿ. ಇನ್ನೊಂದು ಸಲ ಕರೀತಾರ, ಕೈ ಹಿಡಿದು ಕರ್ಕೊಂಡು ಹೋಗ್ತಾರ ಅಂತ ಬಿಂಕ ಮಾಡಿ ಅಲ್ಲೇ ನಿಂತಿದ್ದೆ. ಅಷ್ಟರಾಗ ಹಾಲು ಉಕ್ಕಿಬಿಡ್ತು."

ಸುಕನ್ಯಾ ಬಂದು ನಾದಿನಿಯ ಕೈ ಹಿಡಿದು ಎಬ್ಬಿಸಿ ಊಟಕ್ಕೆ ಕರೆದುಕೊಂಡು ಹೋದಳು. ಪಂಚಾಕ್ಷರಪ್ಪ ಅಂದು ಆಡಿದ ಒಂದೇ ಮಾತು, "ಹೋಳಿಗಿ ವಾಸನಿ ಆಗಿಂದ ಬರಾಕ ಹತ್ತಿತ್ತು," ಎಂಬುದು.

ಉಂಡಾದ ಮೇಲೆ ನಾಗಲಿಂಗಮ್ಮ ತೀರ್ಪು ಕೊಟ್ಟಳು. ನಿಶ್ಚಯಕ್ಕೆ ಬರುತ್ತೇನೆ, ಉಡಿ ತುಂಬುತ್ತೇನೆ. ಆದರೆ ಮಂಟಪದ ದೊಡ್ಡ ಪರದೆಯ ಮೇಲೆ ಬೀಗರ ಎದುರಿಗೆ ಇದನ್ನು ಹಚ್ಚಬೇಕು. "ನನ್ನ ತಮ್ಮ ಎಂಥಾ ಕರುಳಿನಾವ ಅಂತ ಹಡಗಲಿಯಾರಿಗೂ ತಿಳೀಲಿ."

ಗವಿಸಿದ್ದೇಶ ಬಾಗಿಲ ಕಡೆ ನೋಡಿದ. ಅಕ್ಕ ಇನ್ನೂ ಬಾಗಿಲು ದಾಟಿರಲಿಲ್ಲ. ಇಲ್ಲ ಎಂದರೆ ಮತ್ತೆ ಯಾವಾಗ ಬರುತ್ತಾಳೋ. ಹೂಂ ಎಂದ.

ನಿಶ್ಚಿತಾರ್ಥದ ದಿನ ಕಂಪ್ಯೂಟರನ್ನು ಮಂಟಪಕ್ಕೆ ಸಾಗಿಸಿದ್ದೂ ಅವನೇ, ನಕಲನ್ನು ಇಲ್ಲದ ಪೆಟ್ಟಿಗೆಗೆ ಹಾಕಿದ್ದೂ ಅವನೇ. (ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಮಾನ ಹೋಗುವುದಾದರೂ ಪರಿಣತರ ಕೈಯಲ್ಲೇ ಹೋಗಬೇಕು.) ಗೋಡೆಯಷ್ಟು ದೊಡ್ಡ ಪರದೆಯ ಮೇಲೆ, ಬಾಗಿಲಷ್ಟು ದೊಡ್ಡ ಮೂಗಿನ ಮದುಮಗ ಅತ್ತ. ಅಂಗಡಿಯ ಗಿರಾಕಿಗಳೆಲ್ಲ ಬಂದಿದ್ದರು. ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯ ನಾಗಲಿಂಗಮ್ಮ, "ಅಕಿ ನಾನಽ, ಟೆಂಪೋದಾಗ ನಿಂತಾಕಿ," ಎಂದು ಎಡಕ್ಕೂ ಬಲಕ್ಕೂ ಹೇಳುತ್ತಿದ್ದಳು. ಅವಳ ಮುಖದಲ್ಲಿದ್ದ ಹೆಮ್ಮೆ ನೋಡಿ ಗವಿಸಿದ್ದೇಶನಿಗೂ ಸ್ವಲ್ಪ ಹೆಮ್ಮೆಯಾಯಿತು. ನಕಲು ಮಾತ್ರ ಅಚ್ಚುಕಟ್ಟಾಗಿ ಬಂದಿದೆ ಅನ್ನಿಸಿತು.

ಮುಗಿದ ಮೇಲೆ ಗಂಡಿನ ತಂದೆ ಗುರುಬಸವರಾಜ ಎದ್ದು ಬಂದ. ಬೆಳಿಗ್ಗೆಯಿಂದ ನಗು ಕಾಣದ ಗಂಭೀರ ಮನುಷ್ಯ. ಇಡೀ ಮಂಟಪ ಕಿವಿಯಾಗಿ ಕೂತಿತು.

"ಬೀಗರ," ಎಂದ ಅವನು ಗವಿಸಿದ್ದೇಶನ ಹೆಗಲ ಮೇಲೆ ಕೈಯಿಟ್ಟು, "ಅಕ್ಕನ್ನ ಕಳಸಾಕಽ ಹಿಂಗಾತು. ಮದುವಿ ಮುಗಿಸಿ ಮಗಳನ್ನ ಹೆಂಗ ಕಳಸ್ತೀರಿ? ಒಂದು ಕೆಲಸ ಮಾಡ್ರಿ, ಹಡಗಲಿ ತನಕ ನಮ್ಮ ಬಸ್ಸಿನಾಗ ನೀವೂ ಬಂದುಬಿಡ್ರಿ. ನಿಮ್ಮದೊಂದು ಸೀಟು ಇಟ್ಟಿರ್ತೀವಿ."

ಮಂಟಪವೆಲ್ಲ ನಕ್ಕಿತು. ಗೀತಾಂಜಲಿ ಮಾತ್ರ ನಗದೆ ಅಪ್ಪನನ್ನೇ ನೋಡಿದಳು. ಗವಿಸಿದ್ದೇಶ ಇದ್ದ ಠೀವಿಯನ್ನೆಲ್ಲ ಒಟ್ಟುಗೂಡಿಸಿ ಹೇಳಿದ:

"ಕಿಟಕಿ ಕಡೀ ಸೀಟು ಇಡ್ರಿ."