ಮಗಳ ಜ್ವರವೂ ಹುಳುಮನೆಯ ಥರ್ಮಾಮೀಟರೂ

ರೇಷ್ಮೆ ಹುಳು ಸಾಕುವುದರಲ್ಲಿ ನನ್ನ ಸಮಾನರು ಸಾದಲಿ ಹೋಬಳಿಯಲ್ಲೇ ಇನ್ನೊಬ್ಬರಿಲ್ಲ ಎಂದು ನಾನು ಹೇಳಿದರೆ ಅದು ಜಂಬವಾಗುತ್ತದೆ. ಆದ್ದರಿಂದ ನಾನು ಹೇಳುವುದಿಲ್ಲ. ಬೇರೆಯವರು ಹೇಳುವಂತೆ ನೋಡಿಕೊಳ್ಳುತ್ತೇನೆ. ಹುಳು ಬಹಳ ನಾಜೂಕಿನ ಪ್ರಾಣಿ. ಸ್ವಲ್ಪ ಸೆಖೆಯಾದರೆ ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ, ಸ್ವಲ್ಪ ಥಂಡಿಯಾದರೆ ಮಂಕಾಗಿ ಬಿದ್ದುಕೊಳ್ಳುತ್ತದೆ. ನಮ್ಮ ಹುಳುಮನೆಯಲ್ಲಿ ಮಾತ್ರ ಬೇಸಿಗೆಯಿರಲಿ, ಚಳಿಯಿರಲಿ, ಗೋಡೆಯ ಥರ್ಮಾಮೀಟರು ಇಪ್ಪತ್ತೈದು ಡಿಗ್ರಿ ಬಿಟ್ಟು ಕದಲಬಾರದು. ಕದಲಿದರೆ ನಾನಿದ್ದೇನೆ! ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ನೆಲಕ್ಕೆ ಒದ್ದೆ ಮರಳು ಸುರಿದು, ಮೇಲೆ ಸೂರಿಗೆ ಪೈಪಿನಲ್ಲಿ ನೀರು ಹೊಡೆದು ಅದನ್ನು ಸ್ವಸ್ಥಾನಕ್ಕೆ ತರುತ್ತೇನೆ.

ಇಂಥ ನಿಪುಣನ ಕೈಗೆ ಒಂದು ದಿನದ ಮಟ್ಟಿಗೆ ಮಗಳನ್ನು ಒಪ್ಪಿಸಲು ನನ್ನ ಹೆಂಡತಿ ಸುಜಾತ ಹಿಂದೆ ಮುಂದೆ ನೋಡಿದ್ದು ನನಗೆ ಅವಮಾನವೆನಿಸಿತು. ಅವಳು ಪ್ರೈಮರಿ ಶಾಲೆಯ ಟೀಚರು. ಅವತ್ತು ಚಿಕ್ಕಬಳ್ಳಾಪುರದಲ್ಲಿ ತರಬೇತಿ ಇತ್ತು. ನಾಲ್ಕು ವರ್ಷದ ಚಿನ್ನಿಗೆ ಬೆಳಗ್ಗೆ ಏಳುವಾಗಲೇ ಮೂಗು ಸೋರುತ್ತಿತ್ತು.

"ರೀ, ಯಾಕೋ ಮೈ ಬೆಚ್ಚಗಿದೆ. ರಜ ಹಾಕ್ಬಿಡ್ಲಾ?"

"ಹೋಗ್ಬಾರೇ ಸುಮ್ನೆ. ಅಷ್ಟೊಂದು ಹುಳ ಸಾಕೋನಿಗೆ ಒಂದು ಮಗು ನೋಡ್ಕೊಳ್ಳಕ್ಕಾಗಲ್ವಾ?"

"ಹುಳ ಅಳಲ್ಲ ಕಣ್ರೀ."

"ಅದಕ್ಕೇ ಅವನ್ನ ಸಾಕೋದು ಇನ್ನೂ ಕಷ್ಟ!"

ಸುಜಾತ ಚೀಲ ಹೆಗಲಿಗೇರಿಸಿಕೊಂಡು, "ಆಯ್ತು. ನಿಮ್ಮ ಹುಳ ನೋಡ್ಕೊಳ್ತೀರಲ್ಲ, ಹಂಗೇ ಇವಳನ್ನೂ ನೋಡ್ಕೊಳ್ಳಿ, ಸಾಕು" ಎಂದು ಬಸ್ಸು ಹತ್ತಿದಳು. ನಾನು ಆ ಮಾತನ್ನು ಅಕ್ಷರಶಃ ಪಾಲಿಸಿದೆ. ಮುಂದೆ ನಡೆದದ್ದಕ್ಕೆಲ್ಲ ಅವಳ ಮಾತೇ ಕಾರಣ ಎಂಬುದು ಇವತ್ತಿಗೂ ನನ್ನ ವಾದ.

ಬಸ್ಸು ಕಣ್ಮರೆಯಾಗಿ ಸ್ವಲ್ಪ ಹೊತ್ತಿಗೆ ಚಿನ್ನಿ ತಿಂಡಿ ಬೇಡವೆಂದು ಚಾಪೆ ಮೇಲೆ ಮುದುಡಿಕೊಂಡಳು. ಹಣೆ ಮುಟ್ಟಿ ನೋಡಿದೆ. ಸುಡುತ್ತಿತ್ತು! ಬೀರುವಿನಲ್ಲಿ ಔಷಧಿ ಡಬ್ಬಿ ತೆಗೆದೆ. ಜ್ವರ ನೋಡುವ ಸಣ್ಣ ಬಿಳಿ ಡಿಜಿಟಲ್ ಥರ್ಮಾಮೀಟರು ಅದರಲ್ಲಿರಬೇಕಿತ್ತು, ಇರಲಿಲ್ಲ. ಹಾಸಿಗೆ ಕೊಡವಿದೆ, ಟೀವಿ ಹಿಂದೆ ಬಗ್ಗಿ ನೋಡಿದೆ, ಅಕ್ಕಿ ಡಬ್ಬಕ್ಕೂ ಕೈ ಹಾಕಿದೆ. ಸುಜಾತಳಿಗೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ತರಬೇತಿ ಶುರುವಾಗುವ ಮೊದಲೇ ಸೋತೆನೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಅದು ನನ್ನಿಂದ ಸಾಧ್ಯವಿರಲಿಲ್ಲ. ಮನೆ ಹಿಂದಿನ ಹುಳುಮನೆಗೆ ಓಡಿ, ಗೋಡೆಯ ಥರ್ಮಾಮೀಟರನ್ನು ಮೊಳೆಯಿಂದ ಕಿತ್ತು ತಂದೆ.

ಅದೊಂದು ಮೊಳದುದ್ದದ ಮರದ ಹಲಗೆ. ಮೇಲೆ ಎರಡು ಗಾಜಿನ ಕಡ್ಡಿಗಳು. ಒಂದರ ಬುಡ ಒಣಗಿರುತ್ತದೆ, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಎರಡನ್ನೂ ನೋಡಿ ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಹೇಳಬಹುದು. ಅದನ್ನು ಮಗಳ ಕಂಕುಳಿಗೆ ಸಿಕ್ಕಿಸಲು ಹೋದೆ.

"ಅಪ್ಪಾ, ಇದು ಹುಳದ್ದು!"

"ಈಗ ನಿಂದು ಕಣಮ್ಮಾ. ಅಲ್ಲಾಡ್ಬೇಡ."

ಅವಳು ಅಲ್ಲಾಡಿದಳು. ಹಲಗೆ ನನ್ನ ಮೂಗಿಗೆ ಬಡಿಯಿತು. ಅಂತೂ ಒಣಕಡ್ಡಿಯಲ್ಲಿ ಪಾದರಸ ಏರಿ ನಿಂತಿತು. ಮೂವತ್ತಮೂರು! ಇಪ್ಪತ್ತೈದು ಇರಬೇಕಾದ ಕಡೆ ಮೂವತ್ತಮೂರು ಬಂದರೆ ನನ್ನಂಥವನಿಗೆ ಏನಾಗುತ್ತದೆಂದು ಹುಳು ಸಾಕಿದವರಿಗಷ್ಟೇ ಗೊತ್ತು. ತಲೆ ಯೋಚಿಸುವುದನ್ನು ನಿಲ್ಲಿಸುತ್ತದೆ, ಕೈಕಾಲು ತಾವಾಗಿಯೇ ಕೆಲಸ ಶುರು ಮಾಡುತ್ತವೆ. ನಡುಮನೆಯ ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಕಟ್ಟಿದೆ. ಬಾಗಿಲಿಗೂ ಕಟ್ಟಿದೆ. ನೆಲಕ್ಕೆ ಮರಳು ಸುರಿದು ನೀರು ಹಾಕಿದೆ. ಮೋಟರ್ ಹಾಕಿ, ಸೂರಿನ ಶೀಟಿನ ಮೇಲೆ ಪೈಪು ಬಿಟ್ಟೆ. ಶೀಟಿನಲ್ಲಿ ತೂತಿದೆ ಎಂದು ಸುಜಾತ ಹೋದ ಮಳೆಗಾಲದಿಂದ ಹೇಳುತ್ತಲೇ ಇದ್ದಳು. ಅದು ನಿಜವೆಂದು ಅವತ್ತು ರುಜುವಾತಾಯಿತು.

"ಅಪ್ಪಾ, ಮನೇಲಿ ಮಳೆ!" ಚಿನ್ನಿ ಆ ಜ್ವರದಲ್ಲೂ ಚಪ್ಪಾಳೆ ತಟ್ಟಿದಳು.

ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ನಮ್ಮಮ್ಮ ಗದ್ದಲ ಕೇಳಿ ಬಂದರು. ಬಾಗಿಲ ಗೋಣಿ ಸರಿಸಿ ಒಳಗೆ ನೋಡಿದವರೇ, "ಏನೋ ಇದು? ಮಗಿಗೆ ಜ್ವರ ಬಂದ್ರೆ ಮನೆಗೆ ಸ್ನಾನ ಮಾಡಿಸ್ತಾ ಇದೀಯಾ?" ಎಂದು ಮೊಮ್ಮಗಳನ್ನು ಎತ್ತಿಕೊಂಡು ಒಣಗಿದ್ದ ಮೂಲೆಗೆ ಹೋಗಿ ಕಂಬಳಿ ಸುತ್ತಿದರು. ನಾನು ಕಂಬಳಿ ತೆಗೆದೆ. ಅವರು ಸುತ್ತಿದರು. ನಾನು ತೆಗೆದೆ. ಪಕ್ಕದ ಮನೆ ಮುನಿರತ್ನಮ್ಮ, "ಅಯ್ಯೋ ದೇವುಡಾ, ಏಂದಪ್ಪಾ ಇದು?" ಎನ್ನುತ್ತಾ ಒಳಗೆ ಕಾಲಿಟ್ಟವರು ಒದ್ದೆ ಮರಳಿನ ಮೇಲೆ ಜಾರಿ, ಸೂರಿನ ನೀರಿಗೆಂದು ಇಟ್ಟಿದ್ದ ಪ್ಲಾಸ್ಟಿಕ್ ಟಬ್ಬಿನಲ್ಲಿ ನೆಟ್ಟಗೆ ಕೂತುಬಿಟ್ಟರು. ಪೆಟ್ಟೇನೂ ಆಗಲಿಲ್ಲ. ಕೂತಲ್ಲಿಂದಲೇ ಸಲಹೆ ಕೊಟ್ಟರು: "ಮುರುಗಮಲ್ಲದ ದರ್ಗಾಕ್ಕೆ ಬರ್ತೀವಿ ಅಂತ ಹರಕೆ ಹೊತ್ಕೋ. ಆಮೇಲೆ ಡಾಕ್ಟ್ರಿಗೆ ಫೋನ್ ಮಾಡು. ಎರಡೂ ಮಾಡು, ನಷ್ಟ ಇಲ್ಲ."

ಇಷ್ಟರಲ್ಲಿ ಚಿನ್ನಿ ಚಪ್ಪಾಳೆ ನಿಲ್ಲಿಸಿದ್ದಳು. ಅಜ್ಜಿಯ ಭುಜಕ್ಕೆ ತಲೆಯಿಟ್ಟು ಕಣ್ಣು ಅರೆ ಮುಚ್ಚಿ, "ಅಮ್ಮ ಬೇಕು" ಎಂದಳು. ಸುಮ್ಮನೆ, ಮೆಲ್ಲಗೆ. ಅವಳು ಕಿರುಚಿ ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ನನ್ನ ಜಂಬವೆಲ್ಲ ಇಳಿದುಹೋಗಿ ಶಿಡ್ಲಘಟ್ಟದ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ.

"ಜ್ವರ ಎಷ್ಟಿದೆ?" ಎಂದರು.

"ಮೂವತ್ತಮೂರು ಸಾರ್."

"ಮಗುಗಾ, ರೂಮಿಗಾ?"

ನಾನು ಎಲ್ಲವನ್ನೂ ವಿವರಿಸಿದೆ. ಡಾಕ್ಟರು ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ನನಗೆ ಗುಮಾನಿ. ಆಮೇಲೆ ಗಂಭೀರವಾಗಿ ಕೇಳಿದರು: "ಮಾತಾಡ್ತಾಳಾ? ನೀರು ಕುಡಿತಾಳಾ? ಮೂತ್ರ ಹೋಗಿದೆಯಾ? ಮೈ ಮೇಲೆ ಗಂಧೆ ಏನಾದ್ರೂ?"

"ಮಾತಾಡ್ತಾಳೆ ಸಾರ್. ಅವರಮ್ಮನ್ನ ಕೇಳ್ತಿದಾಳೆ."

"ಸರಿ. ಮನೆಗೆ ನೀರು ಹಾಕೋದು ನಿಲ್ಸಿ. ಕಂಬಳೀನೂ ಬೇಡ. ತೆಳು ಬಟ್ಟೆ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿ. ಸ್ವಲ್ಪ ಸ್ವಲ್ಪ ಏನಾದ್ರೂ ಕುಡಿಸ್ತಾ ಇರಿ. ಹೋದ ಸಲ ಕೊಟ್ಟ ಸಿರಪ್ ಡೇಟ್ ನೋಡಿ. ಮಗು ತೂಕ ಹೇಳಿ, ಎಷ್ಟು ಕೊಡ್ಬೇಕು ಅಂತ ಮೆಸೇಜ್ ಮಾಡ್ತೀನಿ. ಮಂಕಾದ್ರೆ, ವಾಂತಿ ನಿಲ್ಲದಿದ್ರೆ ಕಾಯ್ಬೇಡಿ, ತಕ್ಷಣ ಕರ್ಕೊಂಬನ್ನಿ. ಇಲ್ಲಾಂದ್ರೂ ನಾಳೆ ಬೆಳಗ್ಗೆ ಒಂದ್ಸಲ ತೋರ್ಸಿ."

ತೂಕ! ಈ ಪ್ರಶ್ನೆಯನ್ನು ಡಾಕ್ಟರು ಸರಿಯಾದ ಮನುಷ್ಯನಿಗೇ ಕೇಳಿದ್ದರು. ಸೊಪ್ಪಿನ ಹೊರೆ ತೂಗುವ ಕೊಕ್ಕೆ ತಕ್ಕಡಿಯನ್ನು ತೊಲೆಗೆ ನೇತುಹಾಕಿದೆ, ಜಗ್ಗಿ ನೋಡಿ ಗಟ್ಟಿ ಮಾಡಿಕೊಂಡೆ. ಅಮ್ಮನ ಹಳೇ ಸೀರೆಯಲ್ಲಿ ಜೋಲಿ ಕಟ್ಟಿ ಚಿನ್ನಿಯನ್ನು ಕೂರಿಸಿದೆ. ಕೆಳಗೆ ಬೀಳದಂತೆ ಅಮ್ಮ ಒಂದು ಕಡೆ, ಒದ್ದೆ ಸೀರೆಯ ಮುನಿರತ್ನಮ್ಮ ಇನ್ನೊಂದು ಕಡೆ ಕೈಯೊಡ್ಡಿ ನಿಂತರು.

ಚಿನ್ನಿ ಕಣ್ಣು ಬಿಟ್ಟು ಮುಳ್ಳನ್ನೇ ನೋಡಿದಳು. "ಅಪ್ಪಾ, ನನ್ನ ಮಾರ್ಕೆಟ್ಟಿಗೆ ಹಾಕ್ತೀಯಾ?"

"ಇಲ್ಲ ಕಣಮ್ಮಾ. ನಿನ್ನ ರೇಟು ಯಾರಿಗೂ ಕೊಡಕ್ಕಾಗಲ್ಲ." ಮುನಿರತ್ನಮ್ಮ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದರು.

ಸೀರೆಯ ತೂಕ ಕಳೆದು ಹದಿಮೂರು ಕೆಜಿ. ಡಾಕ್ಟರ ಮೆಸೇಜು ಬಂತು. ಸಿರಪ್ಪನ್ನು ಅಳತೆಯ ಮುಚ್ಚಳಕ್ಕೆ ಗೆರೆ ನೋಡಿ ಹಾಕಿ ಬಾಯಿಗಿಟ್ಟೆ. ಚಿನ್ನಿ ಅದನ್ನು ಕೆನ್ನೆಯಲ್ಲಿ ತುಂಬಿಕೊಂಡು, ನಾನು "ಜಾಣೆ" ಎನ್ನುವವರೆಗೂ ಕಾದು, ಪೂರ್ತಿ ನನ್ನ ಮುಖಕ್ಕೆ ಉಗಿದಳು! ಔಷಧಿ ಕಿತ್ತಳೆ ರುಚಿಯದು. ನನಗೆ ಇಷ್ಟವಾಯಿತು, ಅವಳಿಗೆ ಆಗಲಿಲ್ಲ. ಒಂದು ಹನಿಯೂ ಒಳಗೆ ಹೋಗಿಲ್ಲವೆಂದು ಮತ್ತೆ ಫೋನ್ ಮಾಡಿ ಹೇಳಿ, ಇನ್ನೊಮ್ಮೆ ಕೊಡಲು ಒಪ್ಪಿಗೆ ಪಡೆದೆ. ಆದರೆ ಬಾಯಿ ತೆರೆಯಬೇಕಲ್ಲ? ಬೆದರಿಸಿದೆ, ಬೇಡಿದೆ, ಸೈಕಲ್ಲು ಕೊಡಿಸುವುದಾಗಿ ಹೇಳಿದೆ. ತುಟಿ ಬಿಚ್ಚಲಿಲ್ಲ.

ಕೊನೆಗೆ ನನ್ನ ವಿದ್ಯೆಯೇ ಕೈ ಹಿಡಿಯಿತು. ಮರಿಹುಳಕ್ಕೆ ಯಾರೂ ಕೊಂಬೆಗಟ್ಟಲೆ ಸೊಪ್ಪು ಹಾಕುವುದಿಲ್ಲ. ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಹಾಕಬೇಕು. "ಚಿನ್ನೀ, ನೀನೀಗ ಮರಿಹುಳ. ನಾನು ಸೊಪ್ಪು ಹಾಕ್ತೀನಿ. ಹುಳ ಹೆಂಗೆ ಬಾಯಿ ತೆಗೆಯುತ್ತೆ?" ಎಂದೆ. ಅವಳು ಯೋಚಿಸಿದಳು. ಬಾಯಿ ಚೂರು ತೆರೆಯಿತು. ಒಂದು ತೊಟ್ಟು ಹೋಯಿತು. ಇನ್ನೊಂದು. ಸಿರಪ್ಪೆಲ್ಲ ಮುಗಿಯಿತು. ಅದೇ ಉಪಾಯದಲ್ಲಿ ಎಳನೀರು ಹೋಯಿತು, ಗಂಜಿಯ ತಿಳಿ ಹೋಯಿತು. ಅವಳು ಬಾಯಿ ತೆರೆದಾಗಲೆಲ್ಲ ನಾವು ಮೂವರೂ ನಮಗರಿವಿಲ್ಲದೆ ನಮ್ಮ ಬಾಯಿ ತೆರೆಯುತ್ತಿದ್ದೆವು.

ಇನ್ನು ಮೈ ಒರೆಸುವುದು. ಒದ್ದೆ ಮಾಡಬೇಡ ಎಂದು ಅಮ್ಮ ಕಂಬಳಿ ಹಿಡಿದುಕೊಂಡೇ ಅಡ್ಡ ನಿಂತರು. ಆಗ ಗೋಡೆಗೆ ಒರಗಿಸಿದ್ದ ಹಲಗೆ ನನ್ನ ಕಣ್ಣಿಗೆ ಬಿತ್ತು. ಒದ್ದೆ ಬಟ್ಟೆ ಸುತ್ತಿದ ಕಡ್ಡಿ ಯಾವತ್ತೂ ತನ್ನ ಪಕ್ಕದ ಒಣಕಡ್ಡಿಗಿಂತ ಕೆಳಗೇ ಇರುತ್ತದೆ. ಬಟ್ಟೆಯ ನೀರು ಆರುತ್ತಾ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಇಷ್ಟು ವರ್ಷ ದಿನಾ ಬೆಳಗ್ಗೆ ಅದನ್ನೇ ನೋಡುತ್ತಿದ್ದವನು ನಾನು! ಒದ್ದೆ ಬಟ್ಟೆ ಇರಬೇಕಾದದ್ದು ಮಗುವಿನ ಮೈಮೇಲೆ, ಅದನ್ನು ನಾನು ಕಿಟಕಿಗೆ ಕಟ್ಟಿದ್ದೆ. ಹಲಗೆಯನ್ನು ಅಮ್ಮನ ಮುಂದೆ ಹಿಡಿದು ಎರಡು ಕಡ್ಡಿಗಳನ್ನೂ ತೋರಿಸಿ ಭಾಷಣ ಮಾಡಿದೆ. ಅಮ್ಮ ಕಡ್ಡಿ ನೋಡಿದರು, ನನ್ನನ್ನು ನೋಡಿದರು. "ಇದನ್ನ ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ?" ಎಂದು ಕಂಬಳಿ ಮಡಚಿಟ್ಟು, ಸೊಪ್ಪಿಗೆ ಹೊತ್ತಾಯಿತೆಂದು ಹುಳುಮನೆಗೆ ಹೋದರು.

ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಕೈ, ಕಾಲು, ಬೆನ್ನು ಒರೆಸಿದೆ. ಮತ್ತೆ ಅದ್ದಿದೆ, ಮತ್ತೆ ಒರೆಸಿದೆ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವಳ ಹಣೆಯ ಮೇಲೆ ಸಣ್ಣ ಸಣ್ಣ ಬೆವರ ಹನಿಗಳು ಮೂಡಿದವು. ಅಷ್ಟು ಚಂದದ ಬೆವರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಚಿನ್ನಿ ಎದ್ದು ಕೂತು, "ಅಪ್ಪಾ, ಹುಳಕ್ಕೆ ಬಿಸ್ಕತ್ತು ಬೇಕು" ಎಂದಳು. ಗೆದ್ದೆ! ಅಂಗಳಕ್ಕೆ ಓಡಿ, ಸೀರೆ ಬದಲಿಸಲು ಮನೆಗೆ ಹೋಗಿದ್ದ ಮುನಿರತ್ನಮ್ಮನಿಗೆ ಕೂಗಿ ಹೇಳಿದೆ, ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನಿಗೆ ಹೇಳಿದೆ, ಕಟ್ಟಿದ್ದ ಎಮ್ಮೆಗೂ ಹೇಳಿದೆ.

ಸಂಜೆ ಬಸ್ಸಿಗೆ ಸುಜಾತ ಬಂದಳು. ನಾನು ಬಹುಮಾನಕ್ಕೆ ನಿಂತವನಂತೆ ಎದೆಯುಬ್ಬಿಸಿ ಬಾಗಿಲಲ್ಲೇ ನಿಂತೆ. ಅವಳು ಮಗಳ ಹಣೆ ಮುಟ್ಟಿದಳು, ಸಿರಪ್ಪಿನ ಬಾಟಲಿ ನೋಡಿದಳು, ಡಾಕ್ಟರ ಮೆಸೇಜು ಓದಿದಳು. "ಪರವಾಗಿಲ್ಲ ರೀ. ನಾನಿದ್ದಿದ್ರೂ ಇದನ್ನೇ ಮಾಡ್ತಿದ್ದೆ" ಎಂದಳು. ಮದುವೆಯಾದಾಗಿನಿಂದ ನಾನು ಕಾದಿದ್ದ ಮಾತು ಅದು! ಮರಳು, ಗೋಣಿ, ತೊಟ್ಟಿಕ್ಕುವ ಸೂರು, ಇವನ್ನೆಲ್ಲ ಕಂಡೂ ಕಾಣದವಳಂತೆ ಅವಳು ಚೀಲ ಇಳಿಸಿದಳು. ಇನ್ನೇನು ನಾನು ನನ್ನ ಸಾಧನೆಯನ್ನು ಮೊದಲಿನಿಂದ ವರ್ಣಿಸಬೇಕು, ಅಷ್ಟರಲ್ಲಿ ಅಮ್ಮ ಹುಳುಮನೆಯಿಂದ ಬಂದರು. ಕೈಯಲ್ಲಿ ಸಣ್ಣ ಬಿಳಿ ಕಡ್ಡಿ.

"ಸುಜಾತಾ, ಇದೇನಮ್ಮಾ, ಹುಳದ ತಟ್ಟೆಲಿ ಸೊಪ್ಪಿನ ಕೆಳಗಿತ್ತು?"

ಆಗ ನೆನಪಾಯಿತು. ಹೋದ ವಾರ ಗೋಡೆಯ ಥರ್ಮಾಮೀಟರು ಸುಳ್ಳು ಹೇಳುತ್ತಿದೆಯೇನೋ ಎಂಬ ಅನುಮಾನ ಬಂದು, ಪರೀಕ್ಷೆಗೆಂದು ಡಿಜಿಟಲ್ ಥರ್ಮಾಮೀಟರನ್ನು ಹುಳದ ತಟ್ಟೆಯಲ್ಲಿ ಇಟ್ಟವನು ನಾನೇ.

ಸುಜಾತ ಅಮ್ಮನ ಕೈಲಿದ್ದ ಕಡ್ಡಿ ನೋಡಿದಳು, ನಡುಮನೆಯಲ್ಲಿದ್ದ ಹಲಗೆ ನೋಡಿದಳು. "ಅಂದ್ರೆ ಇವತ್ತೆಲ್ಲಾ ಮಗೂಗೆ ಹುಳದ್ದು, ಹುಳಕ್ಕೆ ಮಗೂದು. ಪಾಪ, ಹುಳದ ಗತಿ ಏನತ್ತೆ?"

"ಅವಕ್ಕೇನಮ್ಮಾ? ಆ ಹಲಗೆ ಇರಲಿಲ್ಲ, ಇವನೂ ಬರಲಿಲ್ಲ. ಎಂದೂ ಇಲ್ಲದ್ದು ಇವತ್ತು ನೆಮ್ಮದಿಯಾಗಿ ಸೊಪ್ಪು ತಿಂದ್ವು."

ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಸೀನು ಬಂತು. ಅದರ ಹಿಂದೆಯೇ ಇನ್ನೊಂದು. ಬೆಳಗ್ಗಿನಿಂದ ಒದ್ದೆ ಅಂಗಿಯಲ್ಲೇ ಇದ್ದೆನೆಂದು ಆಗಷ್ಟೇ ಅರಿವಾಯಿತು. ಸುಜಾತ ಥರ್ಮಾಮೀಟರನ್ನು ಸೋಪು ಹಾಕಿ ತೊಳೆದು ತಂದು ನನ್ನ ಕಂಕುಳಿಗಿಟ್ಟಳು. ಅದು ಪೀಂ ಪೀಂ ಎಂದಿತು. ನೂರಾ ಒಂದು!

ಮುನಿರತ್ನಮ್ಮ ಗೋಡೆಯಾಚೆಯಿಂದ ಕೂಗಿದರು: "ಅವನನ್ನ ಕೊಕ್ಕೆಗೆ ಹಾಕ್ಬೇಡ ಸುಜಾತಾ, ತೊಲೆ ತಡೆಯಲ್ಲ!"

ಸಾದಲಿ ಹೋಬಳಿಯ ಅಸಮಾನ ಹುಳುಸಾಕಣೆಗಾರ ಚಾಪೆಯ ಮೇಲೆ ಮುದುಡಿಕೊಂಡ. ಚಿನ್ನಿ ಚಮಚ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಅಮ್ಮ ಕುದಿಸಿದ ಕಷಾಯ ಅದರಲ್ಲಿ ಹೊಗೆಯಾಡುತ್ತಿತ್ತು. ನಾನು ತುಟಿ ಬಿಗಿ ಹಿಡಿದೆ.

"ಅಪ್ಪಾ, ಹುಳ ಹೆಂಗೆ ಬಾಯಿ ತೆಗೆಯುತ್ತೆ?"

ತೆರೆದೆ.